ಬೆನ್ನ ಹಿಂದಿನ ಗಲ್ಲಿ

ಮಲ್ಲೇಶ್ವರ, ಬಸವನಗುಡಿಗಳ ಹಳೆಯ ಬೀದಿಗಳನ್ನು ಹೊಗಳುವವರೆಲ್ಲ ಮುಂಬಾಗಿಲ ಕಡೆ ನಿಂತೇ ಹೊಗಳುತ್ತಾರೆ. ಸಂಪಿಗೆ ಮರ, ಕೆಂಪು ಗಾರೆಯ ಜಗಲಿ, ಬಾಗಿಲ ಮುಂದಿನ ರಂಗೋಲಿ, ಮಧ್ಯಾಹ್ನ ಮೂರರ ನಿಶ್ಶಬ್ದ. ಇಷ್ಟು ಸಿಕ್ಕಿಬಿಟ್ಟರೆ ಲಲಿತ ಪ್ರಬಂಧ ಅರ್ಧ ಮುಗಿದ ಹಾಗೆ. ನನಗೂ ಆ ಬೀದಿಗಳು ಇಷ್ಟವೇ. ಆದರೆ ಆ ನೆಮ್ಮದಿ ತಾನಾಗಿ ಹುಟ್ಟಿದ್ದಲ್ಲ, ಅದರ ಖರ್ಚು ಬಿದ್ದದ್ದು ಮನೆಗಳ ಬೆನ್ನಿಗೆ, ಎರಡು ಸಾಲು ಹಿತ್ತಲುಗಳ ನಡುವೆ ಓಡುವ ಇಕ್ಕಟ್ಟಾದ ಓಣಿಯ ಮೇಲೆ ಎಂಬುದು ನನ್ನ ವಾದ. ಜನ ಅದನ್ನು ಇವತ್ತಿಗೂ ಕನ್ಸರ್ವೆನ್ಸಿ ಅನ್ನುತ್ತಾರೆ. ಈಗಿನ ಮಕ್ಕಳಿಗೆ ಆ ಪದ ಕೇಳಿದರೆ ಹುಲಿ, ಕಾಡು ನೆನಪಾದೀತು. ಬ್ರಿಟಿಷರ ಕಾಲದ ಕಚೇರಿ ಭಾಷೆಯಲ್ಲಿ ಅದು ಊರಿನ ಮಲ, ಕಸ ಎತ್ತಿ ಸಾಗಿಸುವ ಏರ್ಪಾಟು.

1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಒತ್ತೊತ್ತಾದ ಕೇರಿಗಳಲ್ಲಿ ಹೆಣ ಬೀಳತೊಡಗಿದಾಗ ಊರಾಚೆ ಈ ಬಡಾವಣೆಗಳು ಎದ್ದವು. ಅದೇ ವರ್ಷ ಕರಾಚಿಯಲ್ಲಿ ಪಾಲ್-ಲೂಯಿ ಸಿಮಾಂಡ್ ಎಂಬ ಫ್ರೆಂಚ್ ವೈದ್ಯ, ರೋಗ ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ ಎಂದು ಕಂಡುಕೊಂಡಿದ್ದ. ಆಗ ಅವನನ್ನು ನಂಬಿದವರು ಕಡಿಮೆ. ಕೊಳಕು, ತೇವ, ಕೆಟ್ಟ ಗಾಳಿಯ ಮೇಲೆಯೇ ಎಲ್ಲರ ಅನುಮಾನ. ಹಾಗಾಗಿ ಹೊಸ ನಕ್ಷೆಯಲ್ಲಿ ನೇರ ರಸ್ತೆ, ಮನೆ ಸುತ್ತ ಬಯಲು, ಹಿಂದೊಂದು ಗಲ್ಲಿ. ಊರಿಗೆ ಒಳಚರಂಡಿಯ ಕೆಲಸ ಶುರುವಾದದ್ದು 1922ರಲ್ಲಿ. ಅಲ್ಲಿಯವರೆಗೆ, ಎಷ್ಟೋ ಮನೆಗಳಲ್ಲಿ ಆಮೇಲೂ, ಕಕ್ಕಸು ಹಿತ್ತಲ ತುದಿಯಲ್ಲಿ ಗಲ್ಲಿಗೆ ಬೆನ್ನು ಕೊಟ್ಟು ಕೂತಿರುತ್ತಿತ್ತು. ಅದರ ಹಿಂಗೋಡೆಯಲ್ಲಿ, ನೆಲಮಟ್ಟಕ್ಕೆ, ಒಂದು ಕಿಂಡಿ; ಕಿಂಡಿಗೊಂದು ಮುಚ್ಚಳ. ತೆಗೆಯುವುದು ಹೊರಗಿನಿಂದ, ಬಗ್ಗಿ. ಒಳಗಿನವರು ಅದನ್ನು ಮುಟ್ಟಬೇಕಿರಲಿಲ್ಲ, ಹೊರಗಿನವರು ಒಳಗೆ ಬರಬೇಕಿರಲಿಲ್ಲ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಬೇಕಿರಲಿಲ್ಲ. ಉಳಿದಿರುವ ಹಳೇ ಗೋಡೆಗಳಲ್ಲಿ ಈಗ ಕಿಂಡಿ ಮುಚ್ಚಿಹೋಗಿದೆ. ಸುಣ್ಣದ ಗಾರೆಯ ನಡುವೆ ಸಿಮೆಂಟಿನ ಚೌಕ ಮಾತ್ರ ತೇಪೆ ಹಾಕಿದಂತೆ ಬೇರೆಯೇ ಬಣ್ಣದಲ್ಲಿ ಕಾಣುತ್ತದೆ.

ಪ್ಲೇಗಿನ ಭಯದಲ್ಲಿ ಜನರ ಜೀವ ಉಳಿಸಲು ಹೊರಟವರ ಮೇಲೆ ಇಷ್ಟೆಲ್ಲ ಹೊರಿಸುವುದು ಸರಿಯೇ ಎಂದು ಕೇಳಬಹುದು. ಅವರ ಉದ್ದೇಶವನ್ನು ನಾನು ಶಂಕಿಸುವುದಿಲ್ಲ. ಗಾಳಿ ಬೆಳಕು ಬಂದದ್ದೂ ನಿಜ, ಜಾತಿಯನ್ನು ಅವರೇನೂ ಕಂಡುಹಿಡಿಯಲಿಲ್ಲ ಎಂಬುದೂ ನಿಜ. ಹಳ್ಳಿಯಲ್ಲಿ ಮಡಿ-ಮೈಲಿಗೆಯ ಗೆರೆ ರೂಢಿಯಲ್ಲಿತ್ತು, ಬಾಯಿಮಾತಿನಲ್ಲಿತ್ತು. ಬಡಾವಣೆಯಲ್ಲಿ ಅದಕ್ಕೆ ಸರಪಳಿ ಹಿಡಿದು ಅಳತೆ ಮಾಡಿ, ಕಲ್ಲು ನೆಟ್ಟು, ಸರ್ಕಾರಿ ಜಾಗ ಕೊಟ್ಟರು. ರೂಢಿಯನ್ನು ಮೀರಬಹುದು, ಗೋಡೆಯನ್ನು ಒಡೆಯಬೇಕಾಗುತ್ತದೆ. ಒಳಚರಂಡಿ ಬಂದಮೇಲೆ ಎಲ್ಲ ಮುಗಿಯಿತಲ್ಲ ಎನ್ನುವವರು ಇಸವಿಗಳನ್ನು ಒಮ್ಮೆ ಜೋಡಿಸಿ ನೋಡಲಿ. ಪೈಪು ಹೂಳಲು ಶುರುಮಾಡಿ ಐವತ್ತು ವರ್ಷವಾದ ಮೇಲೂ, ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಬೇಕಾಯಿತು. ಕೇಂದ್ರದ ಕಾನೂನಿಗೆ 1993ರ ತನಕ ಕಾಯಬೇಕಾಯಿತು. ಅದೂ ಸಾಲದೆ 2013ರಲ್ಲಿ ಇನ್ನೊಂದು. ಒಳಚರಂಡಿಯಿಂದಲೇ ಮುಗಿಯುವ ಕೆಲಸವಾಗಿದ್ದರೆ ಇಷ್ಟು ಕಾನೂನು ಯಾಕೆ ಬೇಕಿತ್ತು?

ಈಗಿನ ಆಕ್ಷೇಪ ಬೇರೆ ಧಾಟಿಯದು: ಗಲ್ಲಿ ಹಾಳುಬಿದ್ದಿದೆ, ಮುರಿದ ಕಮೋಡು, ತೆಂಗಿನ ಗರಿ, ಹೆಗ್ಗಣಗಳ ಪಾಲಾಗಿದೆ, ಅಕ್ಕಪಕ್ಕದವರಿಗೆ ಹಂಚಿಬಿಡಿ. ಹಂಚುವ ತನಕ ಕಾಯುವ ತಾಳ್ಮೆಯಿಲ್ಲದವರು ಅಡುಗೆಮನೆಯನ್ನೋ ಪಂಪಿನ ಗೂಡನ್ನೋ ಆಗಲೇ ಅತ್ತ ಎರಡಡಿ ಸರಿಸಿದ್ದಾರೆ. ಇದಕ್ಕೆ ನನ್ನ ವಿರೋಧವಿದೆ. ಅನೇಕ ಕಡೆ ಚರಂಡಿಯ ಪೈಪು, ಚೇಂಬರುಗಳು ಇರುವುದು ಆ ಗಲ್ಲಿಯಲ್ಲೇ. ನಾಲ್ಕಂತಸ್ತಿನ ಮನೆಗಳು ಬೆನ್ನಿಗೆ ಬೆನ್ನು ತಾಗಿಸಿ ಏಳುವಾಗ ನಡುವೆ ಉಳಿದಿರುವ ಆಕಾಶವೂ ಅಷ್ಟೇ. ಈಚೆಗೆ ಮಲ್ಲೇಶ್ವರದ ಒಂದೆರಡು ಗಲ್ಲಿಗಳನ್ನು ಗುಡಿಸಿ, ಗೋಡೆಗೆ ಬಣ್ಣದ ಚಿತ್ರ ಬರೆದು, ನಡೆದಾಡುವ ದಾರಿ ಮಾಡಿದ್ದಾರೆ. ಒಳ್ಳೆಯ ಕೆಲಸ. ಆದರೆ ಆ ಚಿತ್ರಗಳಲ್ಲಿ ನನಗೊಂದು ತಕರಾರಿದೆ. ಕಿಂಡಿಯ ಮೇಲೆ ನವಿಲು ಬರೆದುಬಿಟ್ಟರೆ, ನೂರು ವರ್ಷದ ಹಿಂದೆ ಅಲ್ಲಿ ಬಗ್ಗಿದ್ದವರು ಎರಡನೇ ಸಲ ಮರೆಯಾಗುತ್ತಾರೆ.

ಕಾಗದಪತ್ರ ಮಾತ್ರ ಇಷ್ಟು ಬೇಗ ಮರೆಯುವುದಿಲ್ಲ. ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟು ಕಟ್ಟಲು ಕ್ರಯಪತ್ರ ಬರೆಸುವಾಗ ಚಕ್ಕುಬಂದಿ ಹಳೆಯದರಿಂದಲೇ ನಕಲಾಗುತ್ತದೆ. ಪೂರ್ವಕ್ಕೆ ರಸ್ತೆ, ಉತ್ತರ ದಕ್ಷಿಣಕ್ಕೆ ನೆರೆಯವರ ಸ್ವತ್ತು, ಪಶ್ಚಿಮಕ್ಕೆ ಕನ್ಸರ್ವೆನ್ಸಿ ಗಲ್ಲಿ. ಕೋಟಿಗಳ ವ್ಯವಹಾರದ ನಡುವೆ ಆ ಮಾತಿಗೆ ಯಾರೂ ಅರ್ಥ ಕೇಳುವುದಿಲ್ಲ. ಅಳತೆ ಸರಿಯಿದೆಯೇ ಅಂತ ನೋಡಿ ಸಹಿ ಹಾಕುತ್ತಾರೆ.