ಪುಸ್ತಕದ ಮೊಲ, ಗುಡ್ಡೆಯ ಮೊಲ

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಶಾಲೆಗಳಲ್ಲಿ, ರಜಾ ಶಿಬಿರಗಳಲ್ಲಿ ಮಕ್ಕಳಿಗೆ ಕಥೆ ಹೇಳುತ್ತಾ ಬಂದವನು ನಾನು. ಪ್ರಾಣಿಗಳ ಕಥೆಯೆಂದರೆ ಮಕ್ಕಳಿಗೆ ಇಷ್ಟ. ಅದರಲ್ಲೂ ಮೊಲದ ಕಥೆ ನನಗೇ ಹೆಚ್ಚು ಇಷ್ಟ. ಕೊಂಬಿಲ್ಲದ, ಕೋರೆಯಿಲ್ಲದ ಈ ಸಣ್ಣ ಜೀವ ಬುದ್ಧಿಯಿಂದಲೋ ಕಾಲಿನ ಚುರುಕಿನಿಂದಲೋ ಬರೀ ಒಳ್ಳೆಯತನದಿಂದಲೋ ಗೆದ್ದಾಗ ಕೊನೆಯ ಸಾಲಿನ ಮಗುವಿನ ಮುಖವೂ ಅರಳುತ್ತದೆ. ಆದರೆ ಒಂದು ಬೇಸಿಗೆಯಲ್ಲಿ ನನ್ನ ಈ ಇಷ್ಟವೇ ಒಂದು ಮರಿಯ ಸಾವಿಗೆ ಕಾರಣವಾಯಿತು. ಬಹಳ ಕಾಲ ಅದನ್ನು ಯಾರಿಗೂ ಹೇಳಿರಲಿಲ್ಲ. ತೋಟದಲ್ಲಿ ಮೊಲದ ಮರಿ ಸಿಕ್ಕಿತು, ಮನೆಗೆ ತಂದು ಸಾಕುತ್ತಿದ್ದೇವೆ ಎಂಬ ಮಾತು ನಮ್ಮ ಕಡೆ ಈಗಲೂ ಕಿವಿಗೆ ಬೀಳುತ್ತಿರುತ್ತದೆ. ಅದಕ್ಕಾಗಿ ಬರೆಯುತ್ತಿದ್ದೇನೆ.

ಆ ವರ್ಷದ ಶಿಬಿರಕ್ಕೆ ಮೊಲವನ್ನೇ ವಿಷಯವಾಗಿ ಇಟ್ಟುಕೊಂಡಿದ್ದೆ. ಗೋಡೆಯ ತುಂಬ ಚಿತ್ರ ಅಂಟಿಸಿದ್ದೆವು. ಮೊದಲನೆಯದು 1865ರಲ್ಲಿ ಬಂದ ಲೂಯಿಸ್ ಕ್ಯಾರಲ್‌ನ ಆಲಿಸ್ ಕಥೆಯ ಬಿಳಿ ಮೊಲ. ಕೋಟು ಹಾಕಿಕೊಂಡು, ಕಿಸೆಯ ಗಡಿಯಾರ ನೋಡಿ ತಡವಾಯಿತೆಂದು ಓಡುವ ಆ ಮೊಲದ ಹಿಂದೆ ಹೋಗಿಯೇ ಹುಡುಗಿ ಬಿಲದೊಳಗೆ ಬೀಳುತ್ತಾಳೆ. ನಾ. ಕಸ್ತೂರಿಯವರು ಆ ಕಥೆಯನ್ನು ‘ಪಾತಾಳದಲ್ಲಿ ಪಾಪಚ್ಚಿ’ ಎಂದು ಕನ್ನಡಕ್ಕೆ ತಂದಿದ್ದಾರೆ. ಅದರ ಪಕ್ಕದಲ್ಲಿ ನೀಲಿ ಅಂಗಿಯ ಪೀಟರ್. ಬಿಯಾಟ್ರಿಕ್ಸ್ ಪಾಟರ್ ಎಂಬ ಇಂಗ್ಲಿಷ್ ಲೇಖಕಿ 1893ರಲ್ಲಿ ಕಾಯಿಲೆ ಬಿದ್ದಿದ್ದ ಒಬ್ಬ ಪುಟ್ಟ ಹುಡುಗನನ್ನು ಸಮಾಧಾನಪಡಿಸಲು ಚಿತ್ರ ಬಿಡಿಸಿ ಬರೆದ ಕಾಗದವೇ 1902ರಲ್ಲಿ ಪುಸ್ತಕವಾಯಿತು. ಕ್ಯಾರೆಟ್ ಕಡಿಯುತ್ತಾ ಬೇಟೆಗಾರನನ್ನು ಸುಸ್ತು ಮಾಡುವ ಬಗ್ಸ್ ಬನ್ನಿ ಇತ್ತು. ‘ಬ್ಯಾಂಬಿ’ ಚಿತ್ರದ, ಹಿಂಗಾಲಿನಿಂದ ನೆಲ ಬಡಿಯುವ ಥಂಪರ್ ಇತ್ತು. 2016ರ ‘ಝೂಟೋಪಿಯಾ’ದ ಪೊಲೀಸ್ ಮೊಲ ಜೂಡಿ ಹಾಪ್ಸ್‌ಳನ್ನು ಮಕ್ಕಳೇ ಹಟ ಹಿಡಿದು ಸೇರಿಸಿದ್ದರು.

ನಮ್ಮ ಕಥೆಗಳಿಗೂ ಜಾಗ ಕೊಟ್ಟಿದ್ದೆ. ದುರ್ಗಸಿಂಹ 11ನೆಯ ಶತಮಾನದಲ್ಲೇ ಪಂಚತಂತ್ರವನ್ನು ಕನ್ನಡಕ್ಕೆ ತಂದ. ಸಿಂಹಕ್ಕೆ ಬಾವಿಯ ನೀರಿನಲ್ಲಿ ಅದರದೇ ನೆರಳು ತೋರಿಸಿದ ಮೊಲ ನಮ್ಮಲ್ಲಿ ಅಜ್ಜಿಯಂದಿರಿಗೂ ಗೊತ್ತು. ಕೊಳದ ನೀರಿನಲ್ಲಿ ಚಂದ್ರನನ್ನು ತೋರಿಸಿ ಆನೆಗಳ ಹಿಂಡನ್ನೇ ಹಿಂದಕ್ಕೆ ಕಳಿಸಿದ ಮೊಲದ ಕಥೆಯೂ ಪಂಚತಂತ್ರದ್ದೇ. ರಾತ್ರಿ ಆನೆ ತೋಟಕ್ಕೆ ಇಳಿಯುವ ಊರುಗಳ ಮಕ್ಕಳು ಆ ಕಥೆಯನ್ನು ಉಸಿರು ಬಿಗಿಹಿಡಿದು ಕೇಳುತ್ತಾರೆ. ಬೇಟೆನಾಯಿಗಳನ್ನೇ ತಿರುಗಿ ಅಟ್ಟಿದ ಮೊಲವನ್ನು ಕಂಡು ಅದು ಗಂಡುಮೆಟ್ಟಿದ ನೆಲವೆಂದು ವಿಜಯನಗರ ಕಟ್ಟಿದರೆಂಬ ಐತಿಹ್ಯವನ್ನೂ ಹೇಳಿದೆ. ಇಷ್ಟು ಮೊಲಗಳನ್ನು ಒಟ್ಟಿಗೆ ತಂದೆನೆಂದು ನನಗೆ ಹೆಮ್ಮೆಯಿತ್ತು. ಶಿಬಿರ ನಡೆಯುತ್ತಿದ್ದ ಕಟ್ಟಡದ ಹಿಂದಿನ ಮುಳಿಹುಲ್ಲಿನ ಗುಡ್ಡೆಯಲ್ಲಿ ರಾತ್ರಿ ಓಡಾಡುವ ಮೊಲದ ಬಗ್ಗೆ ಮಾತ್ರ ಒಂದು ಮಾತೂ ಆಡಿರಲಿಲ್ಲ. ಆಡಲು ನನಗೆ ಏನೂ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಐದನೆಯ ತರಗತಿಯ ಹುಡುಗನೊಬ್ಬ ಬೈರಾಸಿನಲ್ಲಿ ಏನನ್ನೋ ಸುತ್ತಿಕೊಂಡು ಓಡಿ ಬಂದ. ಬಿಚ್ಚಿ ನೋಡಿದರೆ ಮೊಲದ ಮರಿ. ಮೈತುಂಬ ಕಂದು ರೋಮ, ಬಿಟ್ಟ ಕಣ್ಣು, ಕತ್ತಿನ ಹಿಂದೆ ಕಪ್ಪು. ಅವರ ರಬ್ಬರ್ ತೋಟದಲ್ಲಿ ಮೆಷಿನಿನಲ್ಲಿ ಹುಲ್ಲು ಹೆರೆಯುವಾಗ ಸಿಕ್ಕಿತಂತೆ. ಸುತ್ತಮುತ್ತ ತಾಯಿ ಕಾಣಲಿಲ್ಲವಂತೆ, ಬಿಲವೂ ಇರಲಿಲ್ಲವಂತೆ. “ಪಾಪ, ಅಮ್ಮ ಇಲ್ಲ ಮಾಷ್ಟ್ರೇ ಇದಕ್ಕೆ” ಎಂದ. ನಾನೂ ಹಾಗೆಯೇ ತಿಳಿದೆ. ನಾನು ಓದಿದ ಪುಸ್ತಕಗಳಲ್ಲಿ ಮೊಲದ ಸಂಸಾರ ನೆಲದೊಳಗೆ ಇರುತ್ತದೆ. ಪೀಟರ್ ಮತ್ತು ಅವನ ಒಡಹುಟ್ಟಿದವರು ಮರದ ಬೇರಿನ ಕೆಳಗಿನ ಮನೆಯಲ್ಲಿ ಅಮ್ಮನ ಜೊತೆ ಇರುತ್ತಾರೆ. ಮೊಲವೆಂದರೆ ಬಿಲ, ಬಿಲವೆಂದರೆ ಅಮ್ಮ. ಬಯಲಲ್ಲಿ ಒಂಟಿಯಾಗಿ ಬಿದ್ದಿದೆಯೆಂದರೆ ಅನಾಥ ಮರಿಯೇ ಆಗಿರಬೇಕು ಎಂಬುದರಲ್ಲಿ ನನಗೆ ಸಂಶಯವೇ ಹುಟ್ಟಲಿಲ್ಲ.

ಶಿಬಿರದ ಅಡುಗೆಗೆ ಬರುತ್ತಿದ್ದ ಹಿರಿಯ ಹೆಂಗಸು ಒಲೆ ಬಿಟ್ಟು ಬಂದು ನೋಡಿದರು. ಮರಿಯನ್ನು ಮುಟ್ಟಲಿಲ್ಲ. “ಮುಯೆರ್‌ನ ಮರಿ ಹಾಗೆಯೇ ಒಂದೊಂದೇ ಕೂತಿರುವುದು ಮಾಷ್ಟ್ರೇ. ಕತ್ತಲೆಗೆ ಅದರ ಅಮ್ಮ ಬರ್ತದೆ. ಎಲ್ಲಿಂದ ತಂದದ್ದೋ ಅಲ್ಲಿಯೇ ಇಟ್ಟು ಬರಲಿ” ಎಂದರು. ತುಳು ಮಾತಿನ ಮನೆಯಲ್ಲಿ, ಗುಡ್ಡೆಯ ಮಗ್ಗುಲಲ್ಲೇ ಬೆಳೆದವರು ಅವರು. ಸೊಪ್ಪು, ಕಟ್ಟಿಗೆ, ಹುಲ್ಲಿಗೆಂದು ಆ ಗುಡ್ಡೆಯನ್ನು ಅವರು ಹತ್ತಿ ಇಳಿದಷ್ಟು ನಾನು ಪುಸ್ತಕದ ಪುಟವನ್ನೂ ಮಗುಚಿರಲಿಕ್ಕಿಲ್ಲ. ಆದರೂ ನಾನು ಅವರ ಮಾತು ಕೇಳಲಿಲ್ಲ. ಮಕ್ಕಳ ಎದುರು, “ಇಲ್ಲ ಅಕ್ಕಾ, ಅಲ್ಲಿ ಬಿಟ್ಟರೆ ನಾಯಿ ತಿಂದೀತು, ನಾವೇ ನೋಡಿಕೊಳ್ಳುತ್ತೇವೆ” ಎಂದೆ. ಅವರು ಮತ್ತೆ ಒತ್ತಾಯಿಸಲಿಲ್ಲ.

ಆ ದಿನ ಶಿಬಿರದಲ್ಲಿ ಹಬ್ಬವಾಯಿತು. ರಟ್ಟಿನ ಪೆಟ್ಟಿಗೆಗೆ ಬಟ್ಟೆ ಹಾಸಿದೆವು. ಮಕ್ಕಳು ಅದಕ್ಕೆ ಪೀಟರ್ ಎಂದೇ ಹೆಸರಿಟ್ಟರು. ಹತ್ತಿರದ ಮನೆಯಿಂದ ದನದ ಹಾಲು ತಂದು ಫಿಲ್ಲರಿನಲ್ಲಿ ಕುಡಿಸಿದೆ. ಬಗ್ಸ್ ಬನ್ನಿಯ ಚಿತ್ರ ನೋಡಿದ ಮಕ್ಕಳು ಕ್ಯಾರೆಟ್ ತುರಿದು ತಂದರು, ಅದನ್ನೂ ಬಾಯಿಗೆ ಹಿಡಿದೆವು. ಒಬ್ಬರಾದ ಮೇಲೆ ಒಬ್ಬರು ಎತ್ತಿಕೊಂಡು ಮುದ್ದು ಮಾಡಿದರು. ಅದು ಅಲುಗಾಡದೆ ಸುಮ್ಮನಿತ್ತು. ಎಷ್ಟು ಸಾಧು, ನಮಗೆ ಎಷ್ಟು ಬೇಗ ಹೊಂದಿಕೊಂಡಿತು ಎಂದು ನಾನು ಮಕ್ಕಳಿಗೆ ಹೇಳಿದೆ. ಅದು ಹೊಂದಿಕೊಂಡಿರಲಿಲ್ಲ, ಹೆದರಿಕೆಯಿಂದ ಮರಗಟ್ಟಿತ್ತು. ಅಪಾಯ ಬಂದಾಗ ಅಲುಗಾಡದೆ ಇರುವುದೊಂದೇ ಆ ಮರಿಗೆ ಹುಟ್ಟಿನಿಂದ ಬಂದ ರಕ್ಷಣೆ ಎಂಬುದು ನನಗೆ ಆಮೇಲೆ ತಿಳಿಯಿತು.

ಮರುದಿನ ಬೆಳಿಗ್ಗೆ ಅದರ ಹೊಟ್ಟೆ ಉಬ್ಬರಿಸಿತ್ತು, ಭೇದಿಯಾಗಿತ್ತು. ಪರಿಚಯದ ಪಶುವೈದ್ಯರಿಗೆ ಫೋನು ಮಾಡಿ ದಾರಿ ಕೇಳುವಷ್ಟರಲ್ಲಿ ಕಾಲ ಮೀರಿತ್ತು. ಮಧ್ಯಾಹ್ನದೊಳಗೆ ಮರಿ ಸತ್ತಿತು. ಅದನ್ನು ತಂದ ಹುಡುಗ ಅಳಲಿಲ್ಲ. ಬಹಳ ಹೊತ್ತಿನ ಮೇಲೆ ನನ್ನ ಹತ್ತಿರ ಬಂದು, “ಮಾಷ್ಟ್ರೇ, ನಿನ್ನೆ ರಾತ್ರಿ ಅದರ ಅಮ್ಮ ಅಲ್ಲಿ ಬಂದು ಹುಡುಕಿರಬಹುದಾ?” ಎಂದು ಕೇಳಿದ. ನನ್ನಿಂದ ಉತ್ತರ ಹೊರಡಲಿಲ್ಲ. ಇಷ್ಟು ವರ್ಷದ ಕಥೆಯ ಕೆಲಸದಲ್ಲಿ ಮಗುವೊಂದು ಕೇಳಿದ ಅತಿ ಕಠಿಣ ಪ್ರಶ್ನೆ ಅದು. ಅದಕ್ಕೆ ಸರಿಯಾದ ಉತ್ತರ ‘ಹೌದು’ ಎಂಬುದೇ ಆಗಿತ್ತು.

ಆಮೇಲೆ ನಾನು ಓದಿದೆ, ತಿಳಿದವರಲ್ಲಿ ಕೇಳಿದೆ. ಮೊದಲೇ ತಿಳಿದಿರಬೇಕಾಗಿದ್ದ ಸಂಗತಿಗಳು ಒಂದೊಂದಾಗಿ ಎದುರಾದವು. ಬಿಲ ತೋಡಿ ಗುಂಪಾಗಿ ಬಾಳುವುದು ಯುರೋಪಿನ ಮೊಲ. ಪೀಟರನೂ ಆಲಿಸಳ ಬಿಳಿ ಮೊಲವೂ ಅದೇ ಕುಲ. ಅಂಗಡಿಯ ಪಂಜರದಲ್ಲಿ ಮಾರುವ ಬಿಳಿ ಸಾಕುಮೊಲಗಳೂ ಅದರ ಸಂತತಿಯೇ. ಅದರ ಮರಿಗಳು ಹುಟ್ಟುವಾಗ ಕಣ್ಣು ಮುಚ್ಚಿರುತ್ತವೆ, ಮೈಮೇಲೆ ರೋಮವಿರುವುದಿಲ್ಲ. ಅದಕ್ಕೇ ಅವುಗಳಿಗೆ ಬಿಲದ ಬೆಚ್ಚಗಿನ ಗೂಡು ಬೇಕು. ನಮ್ಮ ಗುಡ್ಡೆಯ ಕಾಡುಮೊಲ ಬೇರೆಯೇ ಜೀವ. ಅದು ಬಿಲ ತೋಡುವುದಿಲ್ಲ. ಹುಲ್ಲಿನ ನಡುವೆ ಮೈಯ ಅಳತೆಗೆ ತಗ್ಗು ಮಾಡಿಕೊಂಡು ಹಗಲೆಲ್ಲ ಅದರಲ್ಲಿ ಮಲಗುತ್ತದೆ. ಅದರ ಮರಿ ರೋಮದೊಂದಿಗೆ, ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತದೆ. ಇದೇ ಕುಲದ ಯುರೋಪಿನ ಕಂದುಮೊಲವನ್ನು ಗಮನಿಸಿದವರು ಹೇಳುವಂತೆ, ತಾಯಿ ಹಗಲಿಡೀ ಮರಿಗಳಿಂದ ದೂರವಿದ್ದು, ಹೊತ್ತು ಮುಳುಗಿದ ಮೇಲೆ ಬಂದು ಕೆಲವೇ ನಿಮಿಷ ಹಾಲೂಡಿಸಿ ಹೊರಟುಹೋಗುತ್ತದೆ. ತಾಯಿ ದೂರ ಇದ್ದಷ್ಟೂ ನಾಯಿ, ನರಿಗಳಿಗೆ ಮರಿಯ ಸುಳಿವು ಸಿಗುವುದು ಕಷ್ಟ. ಮರಿಯನ್ನು ಒಂಟಿಯಾಗಿ ಬಿಟ್ಟಿರುವುದೇ ಆ ತಾಯಿ ಮಾಡುವ ಕಾವಲು.

ಮೊಲದ ಹಾಲಿನಲ್ಲಿ ದನದ ಹಾಲಿಗಿಂತ ಕೊಬ್ಬೂ ಪ್ರೋಟೀನೂ ಹಲವು ಪಟ್ಟು ಹೆಚ್ಚು. ನಾವು ಕುಡಿಸಿದ ಹಾಲು ಅದರ ಹೊಟ್ಟೆಗೆ ಒಗ್ಗುವಂಥದ್ದಲ್ಲ. ಕ್ಯಾರೆಟ್ಟಂತೂ ಸಿನಿಮಾದ ಕೊಡುಗೆ. 1934ರ ಹಾಲಿವುಡ್ ಚಿತ್ರವೊಂದರಲ್ಲಿ ನಟ ಕ್ಲಾರ್ಕ್ ಗೇಬಲ್ ಕ್ಯಾರೆಟ್ ಅಗಿಯುತ್ತಾ ಮಾತಾಡುವ ದೃಶ್ಯದಿಂದ, 1940ರಲ್ಲಿ ತೆರೆಗೆ ಬಂದ ಬಗ್ಸ್ ಬನ್ನಿಗೆ ಆ ಅಭ್ಯಾಸ ಅಂಟಿತು. ಮೊಲದ ನಿಜವಾದ ಆಹಾರ ಹುಲ್ಲು, ಸೊಪ್ಪು. ಇನ್ನೊಂದು ಮಾತು: ಕಾಡುಮೊಲಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಹಿಡಿದು ಮನೆಯಲ್ಲಿ ಸಾಕುವುದೂ ತಪ್ಪೇ. ಮಕ್ಕಳ ಮುಂದೆ ನಾನು ಮಾಡಿದ್ದು ಅದನ್ನೇ.

ಕೆಲಕಾಲ ಮೊಲದ ಕಥೆ ಹೇಳುವುದನ್ನೇ ಬಿಟ್ಟೆ. ಕಥೆಗಳೇ ನನ್ನನ್ನು ದಾರಿ ತಪ್ಪಿಸಿದವು ಎಂದು ಅನ್ನಿಸಿತ್ತು. ಮತ್ತೆ ಅವುಗಳನ್ನು ಓದಿದಾಗ ಆ ದೂರು ನಿಲ್ಲಲಿಲ್ಲ. ಬಿಯಾಟ್ರಿಕ್ಸ್ ಪಾಟರ್ ಮೊಲಗಳನ್ನು ಮನೆಯಲ್ಲಿ ಸಾಕಿ, ಅವು ಕೂರುವ, ಮಲಗುವ, ಕಿವಿ ತಿರುಗಿಸುವ ರೀತಿಯನ್ನು ನೋಡಿ ನೋಡಿ ಚಿತ್ರ ಬರೆದವಳು. ಪೀಟರನಿಗೆ ಅಂಗಿ ತೊಡಿಸಿದರೂ ಒಳಗಿನ ಮೈ ನಿಜವಾದ ಮೊಲದ್ದೇ. ರಿಚರ್ಡ್ ಆಡಮ್ಸ್ ತನ್ನ ಹೆಣ್ಣುಮಕ್ಕಳಿಗೆ ಕಾರಿನಲ್ಲಿ ಹೇಳಿದ ಕಥೆ 1972ರಲ್ಲಿ ‘ವಾಟರ್‌ಶಿಪ್ ಡೌನ್’ ಎಂಬ ಕಾದಂಬರಿಯಾಯಿತು. ಮನುಷ್ಯರು ಮನೆ ಕಟ್ಟಲು ಬಂದಾಗ ನೆಲೆ ಬಿಟ್ಟು ಓಡುವ ಮೊಲಗಳ ಆ ಕಥೆಗಾಗಿ ಆತ ಪ್ರಕೃತಿ ವಿಜ್ಞಾನಿ ರೊನಾಲ್ಡ್ ಲಾಕ್ಲಿ ಮೊಲಗಳ ಬದುಕಿನ ಮೇಲೆ ಬರೆದ ಪುಸ್ತಕವನ್ನು ಆಧಾರವಾಗಿ ಇಟ್ಟುಕೊಂಡಿದ್ದ. ಅವರಿಬ್ಬರೂ ತಮ್ಮ ನೆಲದ ಮೊಲವನ್ನು ಅರಿತು ಕಥೆ ಹೇಳಿದರು. ನಾನು ಅವರ ನೆಲದ ಮೊಲವನ್ನು ತಂದು ನನ್ನ ನೆಲದ ಮೊಲದ ಮೇಲೆ ಹೇರಿದೆ.

ನಮ್ಮ ಹಳೆಯ ಕಥೆಗಳಲ್ಲಿ ಕಾಡುಮೊಲದ ಬದುಕು ಎಷ್ಟು ಸಹಜವಾಗಿ ಇದೆ ಎಂಬುದೂ ಆಗಲೇ ಕಂಡಿತು. ಬೌದ್ಧರ ಶಶ ಜಾತಕದ ಮೊಲ ಹುಲ್ಲು ತಿಂದು ಬದುಕುವ ಪ್ರಾಣಿ. ಬಂದ ಅತಿಥಿಗೆ ಹುಲ್ಲು ಬಡಿಸುವುದು ಹೇಗೆಂದು ಚಿಂತಿಸಿ ತನ್ನ ಮೈಯನ್ನೇ ಕೊಡಲು ಬೆಂಕಿಗೆ ಹಾರುತ್ತದೆ. ಹಾರುವ ಮುಂಚೆ ರೋಮದಲ್ಲಿರುವ ಹುಳುಗಳು ಸಾಯಬಾರದೆಂದು ಮೈ ಕೊಡವಿಕೊಳ್ಳುತ್ತದೆ. ಚಂದ್ರನಲ್ಲಿ ಕಾಣುವ ಮೊಲದ ಗುರುತು ಅದಕ್ಕೆ ಸಂದ ಗೌರವ. ಈಸೋಪನ ಆಮೆ–ಮೊಲದ ಪಂದ್ಯವನ್ನು ಸೋಮಾರಿತನದ ಪಾಠವಾಗಿ ಎಷ್ಟೋ ಸಲ ಹೇಳಿದ್ದೆ. ಕಾಡುಮೊಲ ಹಗಲು ಮಲಗಿ ರಾತ್ರಿ ಮೇಯುವ ಪ್ರಾಣಿ. ಹಗಲಿನ ಪಂದ್ಯದಲ್ಲಿ ಅದು ಮಲಗಿದ್ದು ಅದರ ಸ್ವಭಾವ. ಈಗ ಆ ಕಥೆಯನ್ನು ಹೇಳಿದ ಮೇಲೆ ಮಕ್ಕಳಿಗೆ ಇದನ್ನೂ ಹೇಳುತ್ತೇನೆ. ಕಥೆಯ ರುಚಿ ಕೆಡುವುದಿಲ್ಲ, ಮೊಲದ ಮೇಲಿನ ಗೌರವ ಹೆಚ್ಚುತ್ತದೆ.

ಈ ದಾರಿ ನಮ್ಮ ಊರಿಗೆ ಹೊಸದಲ್ಲ. ಪುತ್ತೂರಿನ ಪರ್ಲಡ್ಕದ ಬಾಲವನದಲ್ಲಿ ದಶಕಗಳ ಕಾಲ ಬಾಳಿದ ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನು ಮೂರು ಸಂಪುಟಗಳಲ್ಲಿ ಬರೆದರು. ಈಗ ಕಡಬ ತಾಲೂಕಿಗೆ ಸೇರಿದ, ಸುಬ್ರಹ್ಮಣ್ಯದ ಪಕ್ಕದ ಕುಳ್ಕುಂದದಲ್ಲಿ ಹುಟ್ಟಿ ಸುಳ್ಯದಲ್ಲಿ ಓದಿದ ನಿರಂಜನರು ‘ಜ್ಞಾನಗಂಗೋತ್ರಿ’ ಎಂಬ ಕಿರಿಯರ ವಿಶ್ವಕೋಶದ ಏಳು ಸಂಪುಟಗಳಿಗೆ ಪ್ರಧಾನ ಸಂಪಾದಕರಾದರು. ಇಬ್ಬರೂ ದೊಡ್ಡ ಕಾದಂಬರಿಕಾರರು. ಕಥೆ ಕಟ್ಟುವ ಶಕ್ತಿ ಅವರಿಗೆ ಬೇಕಾದಷ್ಟಿತ್ತು. ಆದರೂ ಮಗುವಿಗೆ ಕಥೆಯ ಜೊತೆಗೆ ಕಣ್ಣೆದುರಿನ ಜಗತ್ತಿನ ತಿಳಿವಳಿಕೆಯೂ ಬೇಕೆಂದು ಅದಕ್ಕಾಗಿ ವರ್ಷಗಟ್ಟಲೆ ದುಡಿದರು. ಅವರು ನಡೆದಾಡಿದ ನೆಲದಲ್ಲೇ ಕಥೆ ಹೇಳುತ್ತಿದ್ದ ನಾನು ಅರ್ಧ ಕೆಲಸವನ್ನಷ್ಟೇ ಮಾಡುತ್ತಿದ್ದೆ.

ಈಗ ಶಿಬಿರದಲ್ಲಿ ಮೊಲದ ಚಿತ್ರಗಳ ಸಾಲಿನಲ್ಲಿ ಕಪ್ಪು ಕತ್ತಿನ ಕಾಡುಮೊಲದ ಚಿತ್ರವೂ ಇರುತ್ತದೆ. ಊರಿನ ಹಿರಿಯರೊಬ್ಬರನ್ನು ಕರೆದು ಮಕ್ಕಳ ಎದುರು ಕೂರಿಸುತ್ತೇನೆ. ಮೊಲದ ಹಿಕ್ಕೆ ಹೇಗಿರುತ್ತದೆ, ಯಾವ ಹುಲ್ಲಿನ ತುದಿ ಕಚ್ಚಿದ್ದರೆ ಅದು ಮೊಲದ್ದು, ಮೊದಲು ಎಷ್ಟು ಮೊಲ ಕಾಣುತ್ತಿದ್ದವು, ಉರುಳು ಇಟ್ಟು ಎಷ್ಟು ಹಿಡಿದರು, ಮುಳಿಗುಡ್ಡೆಯೆಲ್ಲ ರಬ್ಬರ್ ತೋಟವಾದ ಮೇಲೆ ಏನಾಯಿತು ಎಂಬುದನ್ನೆಲ್ಲ ಅವರು ಹೇಳುತ್ತಾರೆ. ನಾನು ಮಕ್ಕಳ ನಡುವೆ ಕುಳಿತು ಕೇಳುತ್ತೇನೆ. ಅಂದು ನನ್ನನ್ನು ತಡೆದ ಆ ಅಕ್ಕನ ಬಳಿ ಹೋಗಿ ಕ್ಷಮೆ ಕೇಳಿದ್ದೇನೆ. ಮಕ್ಕಳ ಎದುರಿನಲ್ಲೇ ಅವರ ಮಾತನ್ನು ತಳ್ಳಿಹಾಕಿದ್ದೆ. ಮಕ್ಕಳ ಎದುರಿನಲ್ಲೇ ಕೇಳುವುದು ನ್ಯಾಯವೆನಿಸಿತು.

ಪ್ರೀತಿ ಒಂದಿದ್ದರೆ ಸಾಕು ಎಂದು ನಾನು ನಂಬಿದ್ದೆ. ಅರಿವಿಲ್ಲದ ಪ್ರೀತಿ ಜೀವ ತೆಗೆಯಬಲ್ಲದು ಎಂಬುದು ಆ ಮರಿಯ ಸಾವಿನಿಂದ ನಾನು ಕಲಿತ ಪಾಠ.

ತೋಟದ ಹುಲ್ಲಿನಲ್ಲಿ, ಗೇರುಮರದ ಬುಡದಲ್ಲಿ, ಗುಡ್ಡೆಯ ಪೊದೆಯಲ್ಲಿ ಮೊಲದ ಮರಿಯೊಂದು ಒಂಟಿಯಾಗಿ ಕಂಡರೆ ದಯವಿಟ್ಟು ಎತ್ತಿಕೊಳ್ಳಬೇಡಿ. ಗಾಯವಿಲ್ಲದಿದ್ದರೆ ಇದ್ದಲ್ಲೇ ಬಿಡಿ, ನಾಯಿಯನ್ನು ಕಟ್ಟಿಹಾಕಿ. ಆ ಜಾಗದಲ್ಲಿ ಹುಲ್ಲು ಹೆರೆಯುವುದನ್ನು ಕೆಲವು ದಿನ ಮುಂದೂಡಿ. ಮಕ್ಕಳು ಈಗಾಗಲೇ ಎತ್ತಿ ತಂದಿದ್ದರೆ ಬೈಯಬೇಡಿ, ಅವರನ್ನೇ ಕರೆದುಕೊಂಡು ಹೋಗಿ ಕತ್ತಲಾಗುವುದರೊಳಗೆ ಅದೇ ಜಾಗದಲ್ಲಿ ಇಟ್ಟು ಬನ್ನಿ. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ, ದನದ ಹಾಲು ಕುಡಿಸಬೇಡಿ. ಮಕ್ಕಳಿಗೆ ಪೀಟರನ ಕಥೆ ಹೇಳಿ, ಪಾಪಚ್ಚಿಯ ಕಥೆ ಹೇಳಿ, ಸಿಂಹವನ್ನು ಬಾವಿಗೆ ಕೆಡವಿದ ಮೊಲದ ಕಥೆ ಹೇಳಿ. ಅದರ ಜೊತೆಗೆ ನಿಮ್ಮ ಗುಡ್ಡೆಯ ಮೊಲದ ಬದುಕನ್ನೂ ತಪ್ಪದೆ ಹೇಳಿ.