ಮಂತ್ರದ ಹೊತ್ತಗೆ, ಮಗುವಿನ ಕಣ್ಣು

ಯುರೋಪಿನ ಮಧ್ಯಯುಗದ ಮಂತ್ರಗ್ರಂಥಗಳಿಗೆ 'ಗ್ರಿಮ್ವಾರ್' ಎಂಬ ಹೆಸರು ಬಂದುದು ಹೇಗೆಂದು ವಿಚಾರಿಸಹೊರಟರೆ ಮೊದಲು ನಗುವೇ ಬರುತ್ತದೆ. ಹಳೆಯ ಫ್ರೆಂಚ್ ಭಾಷೆಯಲ್ಲಿ ವ್ಯಾಕರಣಕ್ಕಿದ್ದ ಶಬ್ದವೇ ಬಾಯಿಂದ ಬಾಯಿಗೆ ಸವೆದು ಈ ರೂಪವನ್ನು ತಾಳಿದೆ. ವ್ಯಾಕರಣವೆಂದರೆ ಆ ಕಾಲದಲ್ಲಿ ಲ್ಯಾಟಿನ್ ವ್ಯಾಕರಣ. ಅಕ್ಷರವರಿಯದ ಬೇಸಾಯಗಾರನಿಗೆ ಪಾದ್ರಿಯ ಕೈಯಲ್ಲಿದ್ದ ಪುಸ್ತಕವು ಶಬ್ದರೂಪಾವಳಿಯೋ ಪಿಶಾಚಿಯನ್ನು ಕರೆಯುವ ಮಂತ್ರವೋ ತಿಳಿಯುವ ಬಗೆಯೇ ಇರಲಿಲ್ಲ; ಅವನು ಎರಡಕ್ಕೂ ಸಮಾನವಾಗಿ ಹೆದರಿದನು. ನಮ್ಮ ಕಾಸರಗೋಡಿನ ಹಳೆಯ ಮನೆಗಳ ಅಟ್ಟದಲ್ಲಿ ಕೆಂಪು ಬಟ್ಟೆ ಸುತ್ತಿಟ್ಟ ತಾಳೆಗರಿಯ ಕಟ್ಟುಗಳನ್ನು ಕಂಡವರಿಗೆ ಇದರಲ್ಲಿ ಹೊಸತೇನೂ ತೋರದು. ತುಳು ಲಿಪಿಯನ್ನು ಓದಬಲ್ಲ ಹಿರಿಯರು ತೀರಿಕೊಂಡ ಮೇಲೆ ಕಟ್ಟಿನೊಳಗಿರುವುದು ಪುರಾಣವೋ, ಹಸುವಿನ ಮದ್ದೋ, ಮಾರಣಪ್ರಯೋಗವೋ ಹೇಳುವವರಿಲ್ಲ. ನವರಾತ್ರಿಯ ಪುಸ್ತಕಪೂಜೆಯಂದು ಹೂವಿಟ್ಟು ಕೈಮುಗಿಯುತ್ತೇವೆ. ಉಳಿದ ದಿನಗಳಲ್ಲಿ ಮಕ್ಕಳನ್ನು 'ಮುಟ್ಟಬೇಡಿ' ಎಂದು ಗದರಿಸುತ್ತೇವೆ.

ಆದರೆ ಆ ಯುರೋಪಿನ ಹೊತ್ತಗೆಗಳನ್ನು ಬರೆದವರು ಯಾರು? ಕತೆಗಳಲ್ಲಿ ಬರುವಂತಹ, ಗವಿಯಲ್ಲಿ ಕುಳಿತ ಮುದುಕಮಾಂತ್ರಿಕರಲ್ಲ. ಬಹುಮಟ್ಟಿಗೆ ಸಣ್ಣಪುಟ್ಟ ಪಾದ್ರಿಗಳು, ಸಂನ್ಯಾಸಿಗಳು, ಓದು ಮುಗಿಸಿಯೂ ಸರಿಯಾದ ವೃತ್ತಿ ದೊರೆಯದ ವಿದ್ಯಾರ್ಥಿಗಳು. ಜರ್ಮನಿಯ ಮ್ಯೂನಿಕ್ ನಗರದ ಗ್ರಂಥಾಲಯದಲ್ಲಿ ಹದಿನೈದನೆಯ ಶತಮಾನದ ಇಂತಹದೊಂದು ಲ್ಯಾಟಿನ್ ಹಸ್ತಪ್ರತಿಯಿದೆ. ರಿಚರ್ಡ್ ಕೀಕ್‌ಹೆಫರ್ ಎಂಬ ವಿದ್ವಾಂಸರು 1997ರಲ್ಲಿ ಅದನ್ನು ವಿವೇಚನೆಯೊಡನೆ ಪ್ರಕಟಿಸಿದರು. ಅದರಲ್ಲಿನ ಬಯಕೆಗಳನ್ನು ನೋಡಿದರೆ ಕನಿಕರವೆನಿಸುತ್ತದೆ: ಒಲಿಯದ ಹೆಣ್ಣನ್ನು ಒಲಿಸುವುದು, ಕಣ್ಣಿಗೆ ಕಾಣದಂತಾಗುವುದು, ಸವಾರಿಗೊಂದು ಕುದುರೆಯನ್ನು ತರಿಸುವುದು, ಇಲ್ಲದ ಔತಣವನ್ನು ಇದ್ದಂತೆ ತೋರಿಸುವುದು, ಕಳವಾದ ವಸ್ತುವಿನ ಸುಳಿವನ್ನು ಪಡೆಯುವುದು. ಇಷ್ಟಕ್ಕಾಗಿ ಉಪವಾಸ, ಮಂಡಲ, ಖಡ್ಗ, ದೇವರ ನಾಮಾವಳಿ! ದೇವರ ಹೆಸರಿನಿಂದಲೇ ಪಿಶಾಚಿಯನ್ನು ಕಟ್ಟುವುದರಿಂದ ತಾವು ಪಿಶಾಚಿಯ ಭಕ್ತರಲ್ಲ, ಅದರ ಒಡೆಯರು ಎಂಬುದು ಅವರ ಸಮಾಧಾನ. ಚರ್ಚು ಈ ಸಮಾಧಾನವನ್ನು ಒಪ್ಪಲಿಲ್ಲ. 1398ರಲ್ಲಿ ಪ್ಯಾರಿಸ್ ವಿಶ್ವವಿದ್ಯಾಲಯದ ಧರ್ಮಶಾಸ್ತ್ರ ಪಂಡಿತರು ಇಂತಹ 28 ಮಾತುಗಳನ್ನು ಪಟ್ಟಿಮಾಡಿ ಖಂಡಿಸಿದರು.

ಪಿಶಾಚಿಗಳ ಪಟ್ಟಿಯೂ ಉಂಟು. ಯೋಹಾನ್ ವೈಯರ್ ಎಂಬ ವೈದ್ಯನು 1577ರಲ್ಲಿ ಅಚ್ಚುಹಾಕಿಸಿದ ಪಟ್ಟಿಯಲ್ಲಿ ಅರುವತ್ತೊಂಬತ್ತು ಮಂದಿ. ಅರಸರು, ಸಾಮಂತರು, ದಳಪತಿಗಳೆಂದು ಪದವಿಗಳು, ಒಬ್ಬೊಬ್ಬನಿಗೆ ಇಷ್ಟಿಷ್ಟು ಸೈನ್ಯ. ಬ್ಯೂಯರ್ ಎಂಬ ಪಿಶಾಚಿಯ ಕೆಲಸ ತತ್ತ್ವಶಾಸ್ತ್ರ, ತರ್ಕ ಮತ್ತು ಗಿಡಮೂಲಿಕೆಗಳ ಗುಣವನ್ನು ಕಲಿಸುವುದು. ಮಾಟಗಾತಿಯರೆಂದು ಬಡ ಹೆಂಗಸರನ್ನು ಸುಡುತ್ತಿದ್ದುದನ್ನು ವಿರೋಧಿಸಿದ ಈ ವೈಯರ್ ಆ ಪಟ್ಟಿಯನ್ನು ಪ್ರಕಟಿಸಿದ್ದು ಅದರ ಪೊಳ್ಳುತನವನ್ನು ತೋರಿಸಲಿಕ್ಕೆ. ಯಾರೂ ಪ್ರಯೋಗಿಸದಿರಲೆಂದು ನಡುನಡುವೆ ಮಾತುಗಳನ್ನು ಬಿಟ್ಟೂ ಇದ್ದನು. 1584ರಲ್ಲಿ ರೆಜಿನಾಲ್ಡ್ ಸ್ಕಾಟ್ ಅದನ್ನು ಇಂಗ್ಲಿಷಿಗೆ ತಂದದ್ದೂ ಪರಿಹಾಸಕ್ಕಾಗಿಯೇ. ಮುಂದಿನ ಮಂತ್ರವಾದಿಗಳು ಪರಿಹಾಸವನ್ನು ಬಿಟ್ಟು ಪಟ್ಟಿಯನ್ನು ಮಾತ್ರ ಇಟ್ಟುಕೊಂಡರು.

ನಮ್ಮನ್ನು ತಡೆದು ನಿಲ್ಲಿಸಿದ್ದು ಈ ಅರುವತ್ತೊಂಬತ್ತು ಮಂದಿಯಲ್ಲ, ಆ ಮ್ಯೂನಿಕ್ ಹಸ್ತಪ್ರತಿಯ ಇನ್ನೊಂದು ಪ್ರಯೋಗ. ಕಳ್ಳನನ್ನು ಕಂಡುಹಿಡಿಯಬೇಕಾದರೆ ಗುರುವು ಒಬ್ಬ ಎಳೆಯ ಹುಡುಗನನ್ನು ಕುಳ್ಳಿರಿಸಿ, ಅವನ ಉಗುರಿಗೆ ಎಣ್ಣೆ ಸವರಿ, ಅದರ ಹೊಳಪಿನಲ್ಲಿ ದೃಷ್ಟಿಯಿಡಲು ಹೇಳಿ, ಮಂತ್ರವನ್ನು ಜಪಿಸುತ್ತಾನೆ. ಪಿಶಾಚಿ ಬರುವುದು ಗುರುವಿನ ಕಣ್ಣಿಗಲ್ಲ, ಹುಡುಗನ ಕಣ್ಣಿಗೆ. ಬಂದವನಿಗೆ ಆಸನ ಕೊಡಿಸಿ, ಮರ್ಯಾದೆ ಮಾಡಿಸಿ, ಬಳಿಕ ಪ್ರಶ್ನೆ. ಇದಕ್ಕೆ ಸಾಕಷ್ಟು ನಂಟರಿದ್ದಾರೆ. 1836ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಎಡ್ವರ್ಡ್ ಲೇನ್ ಎಂಬ ಇಂಗ್ಲಿಷ್ ವಿದ್ವಾಂಸನು ಈಜಿಪ್ಟಿನ ಕೈರೋದಲ್ಲಿ ತಾನು ಕಂಡುದನ್ನು ವರ್ಣಿಸಿದ್ದಾನೆ: ಹುಡುಗನ ಅಂಗೈಯಲ್ಲಿ ಮಸಿಯ ಹನಿ, ಅದರಲ್ಲಿ ಮೊದಲು ನೆಲ ಗುಡಿಸುವವನು, ಬಳಿಕ ಧ್ವಜಗಳು, ಡೇರೆಗಳು, ಕೊನೆಗೆ ಸುಲ್ತಾನನು.

ಮತ್ತೆ ನಮ್ಮ ಅಂಜನ! ನಮಗೆ ಒಂಬತ್ತು ವರ್ಷವಿದ್ದಾಗ ಮನೆಯ ಕಂಚಿನ ಹರಿವಾಣವೊಂದು ಕಾಣೆಯಾಯಿತು. ಮಂತ್ರವಾದಿಯನ್ನು ಕರೆಸಿದರು. ನಮಗಿಂತ ಎರಡು ವರ್ಷ ಕಿರಿಯನಾದ ನೆರೆಮನೆಯ ಹುಡುಗನನ್ನು ಮೀಯಿಸಿ ತಂದು ಚಾವಡಿಯಲ್ಲಿ ದೀಪದ ಮುಂದೆ ಕುಳ್ಳಿರಿಸಿದರು. ವೀಳ್ಯದೆಲೆಯ ಮೇಲೆ ಕಪ್ಪು ಅಂಜನ.

"ಮಗಾ, ಗುಡಿಸುವವ ಬಂದನೋ?"

"ಬಂದ."

"ನೀರು ಚಿಮುಕಿಸಿದನೋ?"

"ಹೂಂ."

"ಕುರ್ಚಿ ಇಟ್ಟನೋ? ಹನುಮಂತ ದೇವರು ಕುಳಿತರೋ?"

ಕುಳಿತರು. ಹೀಗೆ ಹೌದು ಹೌದೆನ್ನುತ್ತ ಹೋದವನನ್ನು ಕೊನೆಗೆ ಕೇಳಿದರು: "ಹರಿವಾಣ ಕೊಂಡುಹೋಗುವವನ ತಲೆಯಲ್ಲಿ ಮುಟ್ಟಾಳೆ ಉಂಟೋ?" ಹುಡುಗನು ಅದಕ್ಕೂ ಹೂಂ ಎಂದನು. ನಮ್ಮ ಊರಿನಲ್ಲಿ ಮುಟ್ಟಾಳೆಯಿಡದ ಕೆಲಸದಾಳು ಯಾರಿದ್ದರು? ಆದರೆ ಆ ವಾರ ನಮ್ಮ ಅಂಗಳದಲ್ಲಿ ಅಡಕೆ ಸುಲಿಯುತ್ತಿದ್ದವನು ಒಬ್ಬನೇ. ಅವನನ್ನು ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಸಂಜೆ ಕೂಲಿಯನ್ನು ಕೊಡುವಾಗ ಎಲ್ಲರೂ ಸುಮ್ಮನಿದ್ದರು. ಮರುದಿನದಿಂದ ಅವನು ನಮ್ಮ ಗುಡ್ಡದ ದಾರಿಯಲ್ಲಿಯೂ ಕಾಣಲಿಲ್ಲ. ವರ್ಷಗಳ ಮೇಲೆ ಆ ಹುಡುಗನನ್ನು ನಾವು ಕೇಳಿದುದುಂಟು: ನಿಜವಾಗಿ ಏನು ಕಂಡೆ? "ದೀಪ ಕಂಡಿತು. ಅವರು ಕೇಳಿದ್ದಕ್ಕೆಲ್ಲ ಹೌದೆನ್ನದಿದ್ದರೆ ಏಳಲು ಬಿಡುತ್ತಿರಲಿಲ್ಲ" ಎಂದನು.

ಹೌದೆನ್ನದ ಹುಡುಗನೂ ಒಬ್ಬನಿದ್ದನು. ಹನ್ನೆರಡನೆಯ ಶತಮಾನದ ಇಂಗ್ಲೆಂಡಿನಲ್ಲಿ ಒಬ್ಬ ಪಾದ್ರಿಯ ಬಳಿ ಕೀರ್ತನೆಗಳ ಪಾಠಕ್ಕೆ ಕುಳಿತಿದ್ದ ಜಾನ್ ಎಂಬ ಬಾಲಕನನ್ನೂ ಅವನಿಗಿಂತ ತುಸು ದೊಡ್ಡ ಇನ್ನೊಬ್ಬನನ್ನೂ ಆ ಗುರುವು ಇದೇ ಕೆಲಸಕ್ಕೆ ಹಚ್ಚಿದನು. ಉಗುರಿಗೆ ಪವಿತ್ರ ತೈಲ, ಮುಂದೆ ಉಜ್ಜಿ ಹೊಳಪಿಸಿದ ಬಟ್ಟಲು, ಜೊತೆಗೆ ಕೇಳಿದರೇ ಮೈ ನಡುಗುವಂತಹ ಹೆಸರುಗಳು. ದೊಡ್ಡವನು ಮಂಜುಮಂಜಾದ ಆಕೃತಿಗಳೇನೋ ಕಾಣುತ್ತಿವೆಯೆಂದನು. ಜಾನನಿಗೆ ಕಂಡದ್ದು ಉಗುರು ಮತ್ತು ಬಟ್ಟಲು. ಇವನು ಈ ಕೆಲಸಕ್ಕೆ ಬಾರದವನೆಂದು ಅವನನ್ನು ಹೊರಗಿರಿಸಿದರು. ಸಾಲ್ಸ್‌ಬರಿಯ ಜಾನ್ ಎಂದು ಪ್ರಸಿದ್ಧನಾಗಿ, 1176ರಲ್ಲಿ ಫ್ರಾನ್ಸಿನ ಶಾರ್ತ್ರ್ ನಗರದ ಬಿಷಪ್ ಆದವನು ಇವನೇ. 1159ರಲ್ಲಿ ಮುಗಿಸಿದ 'ಪೊಲಿಕ್ರಾಟಿಕಸ್' ಎಂಬ ರಾಜನೀತಿ ಗ್ರಂಥದಲ್ಲಿ ತಾನೇ ಇದನ್ನು ಬರೆದು, ಅಂದು ತನಗೆ ಏನೂ ಕಾಣದಿದ್ದುದು ದೇವರ ಕೃಪೆಯೆಂದು ಭಾವಿಸಿದ್ದಾನೆ. ಎದುರಿಗೆ ಗುರು ಕುಳಿತು ಕೇಳುತ್ತಿರುವಾಗ 'ಏನೂ ಕಾಣುವುದಿಲ್ಲ' ಎನ್ನುವುದು ಎಷ್ಟು ಕಷ್ಟವೆಂದು ನಮ್ಮ ಚಾವಡಿಯನ್ನು ಕಂಡಿದ್ದ ನಾವು ಬಲ್ಲೆವು.

ಇನ್ನು ದೇವತೆಗಳನ್ನು ಕರೆಯುವ ಗ್ರಂಥಗಳ ಜಾತಿಯೇ ಬೇರೆ. ಪಿಶಾಚಿಗೆ ಅಪ್ಪಣೆ ಕೊಡುತ್ತಾರೆ, ದೇವದೂತರನ್ನು ಬೇಡುತ್ತಾರೆ. ಇವುಗಳಲ್ಲಿ ಮುಖ್ಯವಾದ 'ಆರ್ಸ್ ನೊಟೋರಿಯಾ' ಸೊಲೊಮನ್ ದೊರೆಯ ಕೃತಿಯೆಂದು ಪ್ರತೀತಿ. ಇದರ ಫಲವೆಂದರೆ ಸಂಪತ್ತಲ್ಲ, ವಿದ್ಯೆ. ಚಿತ್ರವಿಚಿತ್ರವಾದ ರೇಖಾಕೃತಿಗಳನ್ನು ದಿಟ್ಟಿಸುತ್ತ, ವ್ರತವನ್ನು ಹಿಡಿದು, ಗೊತ್ತಾದ ಹೊತ್ತಿನಲ್ಲಿ ಪ್ರಾರ್ಥನೆಗಳನ್ನು ಹೇಳಿದರೆ ಜ್ಞಾಪಕಶಕ್ತಿ, ವಾಕ್ಚಾತುರ್ಯ, ವ್ಯಾಕರಣ, ತರ್ಕ ಎಲ್ಲವೂ ದೇವದೂತರ ಅನುಗ್ರಹದಿಂದ ಅಲ್ಪಕಾಲದಲ್ಲಿ ಕೈಗೂಡುತ್ತವೆ. ಪರೀಕ್ಷೆಯ ಹೊತ್ತಿಗೆ ಸರಸ್ವತೀ ಘೃತವನ್ನು ಹುಡುಕುವ ತಂದೆತಾಯಿಯರು ಇದನ್ನು ನೋಡಿ ನಗಬೇಕಾಗಿಲ್ಲ. 1274ರಲ್ಲಿ ತೀರಿಕೊಂಡ ಧರ್ಮಪಂಡಿತ ಥಾಮಸ್ ಅಕ್ವಿನಾಸ್ ಮಾತ್ರ ನಗಲಿಲ್ಲ, ಕೋಪಿಸಿದನು. ಅರ್ಥವಾಗದ ಹೆಸರುಗಳೂ ಆಕೃತಿಗಳೂ ಯಾರಿಗೋ ಮಾಡುವ ಸಂಜ್ಞೆಗಳೇ ಸರಿ, ಆ ಯಾರೋ ಪಿಶಾಚಿಯಲ್ಲದೆ ಮತ್ತಾರೂ ಅಲ್ಲ ಎಂಬುದು ಅವನ ವಾದ.

ಪ್ಯಾರಿಸಿನ ದಕ್ಷಿಣಕ್ಕಿರುವ ಮೊರಿನ್ಯಿ ಎಂಬ ಮಠದ ಸಂನ್ಯಾಸಿಯೊಬ್ಬನು ಈ ಗ್ರಂಥವನ್ನು ಹಿಡಿದ ಕತೆ ನಮಗೆ ಎಲ್ಲಕ್ಕಿಂತ ಹತ್ತಿರವೆನಿಸಿತು. ಅವನ ಹೆಸರೂ ಜಾನ್. ಓದುವ ಹಂಬಲ ಬಹಳ, ಅನುಕೂಲ ಸಾಲದು. ಆರ್ಸ್ ನೊಟೋರಿಯಾದ ಪ್ರಯೋಗವನ್ನು ಕೈಗೊಂಡನು. ವಿದ್ಯೆ ಬಂದಿತೆಂದೇ ಅವನ ಹೇಳಿಕೆ. ಆದರೆ ಅದರೊಡನೆ ಇರುಳಿನಲ್ಲಿ ಭೀಕರ ದರ್ಶನಗಳೂ ಬರತೊಡಗಿದವು. ಅವನಿಗೆ ಬ್ರಿಜಿಟ್ ಎಂಬ ತಂಗಿ. ಅಕ್ಷರ ಕಲಿಯಬೇಕೆಂದು ಅವಳ ಆಸೆ. ಅಣ್ಣನು ಅವಳಿಗೂ ಈ ಪ್ರಾರ್ಥನೆಗಳ ದಾರಿಯಿಂದಲೇ ಕಲಿಸಿದನು. ಅವಳು ಬಹುಬೇಗನೆ ಓದಲು ಬರೆಯಲು ಕಲಿತಳು. ಬಳಿಕ ಅವಳನ್ನೂ ಇರುಳು ದುಷ್ಟ ಶಕ್ತಿಗಳು ಬೆದರಿಸತೊಡಗಿದವು. ಅಣ್ಣನು ಗಾಬರಿಗೊಂಡು, ಆ ಪ್ರಯೋಗವನ್ನು ಇನ್ನೆಂದೂ ಮುಟ್ಟುವುದಿಲ್ಲವೆಂದು ಅವಳಿಂದ ಮಾತು ತೆಗೆದುಕೊಂಡನು. ಕಾಟ ನಿಂತಿತು, ಕಲಿತ ಅಕ್ಷರ ಉಳಿಯಿತು. ಗ್ರಂಥದ ಮಹಿಮೆಯನ್ನು ನಾವು ನಂಬುವುದಿಲ್ಲ. ಕಲಿಯುವ ಆಸೆಯಿದ್ದ ಹುಡುಗಿಯ ಬಳಿ ಕಲಿಸುವ ಅಣ್ಣನೊಬ್ಬ ದಿನವೂ ಕುಳಿತರೆ ದೇವದೂತರಿಗೆ ಉಳಿಯುವ ಕೆಲಸ ಬಹಳವಿಲ್ಲ. ಬೆದರಿಕೆಗೂ ನಮಗೆ ಬೇರೆಯದೇ ಕಾರಣ ತೋರುತ್ತದೆ: ತನಗೆ ಸಲ್ಲದುದನ್ನು ಕದ್ದಂತೆ ಪಡೆಯುತ್ತಿದ್ದೇನೆಂಬ ಅಳುಕನ್ನು ಎಳೆಯ ಮನಸ್ಸಿನಲ್ಲಿ ತುಂಬಿದರೆ ರಾತ್ರಿ ನಿದ್ದೆ ಹೇಗೆ ಬಂದೀತು?

ತನ್ನ ಸ್ವಂತ ಅನುಭವದಿಂದ ಹೆದರಿದ ಜಾನ್, 1301ರಿಂದ 1315ರವರೆಗಿನ ವರ್ಷಗಳಲ್ಲಿ ಅದರ ಬದಲಿಗೆ ಬೇರೊಂದು ಗ್ರಂಥವನ್ನು ಬರೆದನು. ಅನ್ಯ ಹೆಸರುಗಳನ್ನೆಲ್ಲ ತೆಗೆದು, ಕನ್ಯೆ ಮೇರಿಯ ಅಪ್ಪಣೆಯಂತೆ, ಅರ್ಥವಾಗುವ ಪ್ರಾರ್ಥನೆಗಳನ್ನು ಇಟ್ಟನು. 'ಸ್ವರ್ಗೀಯ ಬೋಧೆಯ ಪುಷ್ಪಗಳು' ಎಂಬಂತಹ ಹೆಸರನ್ನು ಕೊಟ್ಟನು. ತನ್ನ ಕತೆಯನ್ನೂ ತಂಗಿಯ ಕತೆಯನ್ನೂ ಮರೆಮಾಚದೆ ಅದರಲ್ಲಿ ಸೇರಿಸಿದನು. ಆದರೂ ಪಂಡಿತರಿಗೆ ಇದು ಹಳೆಯ ಮಂತ್ರವೇ ಹೊಸ ಉಡುಪಿನಲ್ಲಿ ಬಂದಂತೆ ಕಂಡಿತು. 1323ರಲ್ಲಿ ಪ್ಯಾರಿಸಿನಲ್ಲಿ ಪುಸ್ತಕವನ್ನು ಸುಟ್ಟರು.

ಸುಟ್ಟುದು ಒಂದು ಪ್ರತಿಯನ್ನು ಮಾತ್ರ. ಅಷ್ಟರಲ್ಲಿ ಅದು ಕೈಯಿಂದ ಕೈಗೆ ನಕಲಾಗುತ್ತ ಫ್ರಾನ್ಸಿನ ಗಡಿಯನ್ನು ದಾಟಿ ಬೇರೆ ದೇಶಗಳ ಮಠಗಳನ್ನು ಸೇರಿಯಾಗಿತ್ತು. ಶತಮಾನಗಳ ಕಾಲ ಯಾರ ಗಮನಕ್ಕೂ ಬಾರದಿದ್ದ ಆ ಪ್ರತಿಗಳನ್ನು ಕಲೆಹಾಕಿ, ಕ್ಲೇರ್ ಫ್ಯಾಂಗರ್ ಮತ್ತು ನಿಕೊಲಸ್ ವಾಟ್ಸನ್ ಎಂಬ ವಿದ್ವಾಂಸರು 2015ರಲ್ಲಿ ಗ್ರಂಥವನ್ನು ಸಂಪಾದಿಸಿ ಹೊರತಂದರು. ಪ್ರಾರ್ಥನೆಯ ನಡುವೆ ಸಾಧಕನ ಹೆಸರು ಬರಬೇಕಾದೆಡೆಯಲ್ಲಿ ಹಲವು ಪ್ರತಿಗಳಲ್ಲಿ ಬರೆದುಕೊಂಡವನ ಸ್ವಂತ ಹೆಸರಿದೆ. ಅವನು ಅದನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿರಲಿಲ್ಲ, ಓದುತ್ತಿದ್ದನು.