ಗಣೇಶಗುಡಿಯಿಂದ ಸಿಂಗಾಪುರಕ್ಕೆ, ವಯಾ ಗ್ಯಾಂಟ್ ಚಾರ್ಟ್

ದಾಂಡೇಲಿಯಿಂದ ಜೋಯಿಡಾ ಕಡೆ ಹೊರಟ ಬಸ್ಸು ಕಾಡಿನ ತಿರುವುಗಳಲ್ಲಿ ಇಪ್ಪತ್ತೈದು ಕಿಲೋಮೀಟರಿನಷ್ಟು ಓಲಾಡಿ ಬಂದ ಮೇಲೆ ಗಣೇಶಗುಡಿ ಸಿಗುತ್ತದೆ. ವೀಕೆಂಡಿಗೆ ಬರುವವರಿಗೆ ಇದು ರಾಫ್ಟಿಂಗ್ ಊರು. ದೊಡ್ಡ ಲೆನ್ಸ್ ಹೊತ್ತು ಬರುವವರಿಗೆ ಹಕ್ಕಿಗಳ ಊರು. ಇಲ್ಲಿನ ಜಂಗಲ್ ಲಾಡ್ಜಸ್ ರೆಸಾರ್ಟಿನ ಹೆಸರು ಓಲ್ಡ್ ಮ್ಯಾಗಜಿನ್ ಹೌಸ್. ಹೆಸರು ಕೇಳಿ ಹಳೆಯ ಪತ್ರಿಕೆಗಳ ಲೈಬ್ರರಿ ಇರಬೇಕು ಅಂದುಕೊಂಡವರನ್ನು ನಾನೇ ನೋಡಿದ್ದೇನೆ. ಸೂಪಾ ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಜಾಗ ಅದು. ಈಗ ಅಲ್ಲಿ ಹಕ್ಕಿಗಳು ಸ್ನಾನಕ್ಕೆ ಬರುತ್ತವೆ, ಮನುಷ್ಯರು ಉಸಿರು ಬಿಗಿಹಿಡಿದು ಫೋಟೋ ತೆಗೆಯುತ್ತಾರೆ.

ನನಗೆ ಮಾತ್ರ ಇದು ಮನೆ. ಅಪ್ಪ ಧಾರವಾಡ ಕಡೆಯವರು. ಹುಡುಗರಿದ್ದಾಗಲೇ ಅಣೆಕಟ್ಟಿನ ಕಾಂಕ್ರೀಟ್ ಕೆಲಸಕ್ಕೆ ಬಂದು, ಇಲ್ಲೇ ನೌಕರಿ ಮಾಡಿ, ರಿಟೈರ್ ಆಗಿ, ಇಲ್ಲೇ ಮನೆ ಕಟ್ಟಿಸಿದವರು. ಅಮ್ಮ ಇಲ್ಲಿಯವಳೇ, ಆದರೆ ಅವಳ ಊರು ಈಗಿಲ್ಲ. ಅದರ ಮಾತು ಮುಂದೆ ಬರುತ್ತದೆ.

ಇಬ್ಬರನ್ನೂ ಒಮ್ಮೆ ವಿಮಾನ ಹತ್ತಿಸಿ ಸಿಂಗಾಪುರ ತೋರಿಸಬೇಕು ಅಂತ ಅಕ್ಕನೂ ನಾನೂ ಮೇ ತಿಂಗಳಲ್ಲಿ ಮಾತಾಡಿಕೊಂಡೆವು. ಆರು ಜನ, ಆರು ದಿನ. ಬೆಂಗಳೂರಿನ ಆಫೀಸಿನಲ್ಲಿ ನನ್ನ ಅರ್ಧ ದಿನ ಹೋಗುವುದೇ ಯಾವ ಕೆಲಸ ಯಾವಾಗ ಮುಗಿಯುತ್ತದೆ ಅಂತ ಗೆರೆ ಎಳೆಯುವುದರಲ್ಲಿ. ಪ್ರವಾಸಕ್ಕೂ ಅದನ್ನೇ ಮಾಡೋಣ ಅಂತ ಗಣೇಶಗುಡಿಯ ಮನೆಯ ಕಟ್ಟೆ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಕುಳಿತೆ.

ಗ್ಯಾಂಟ್ ಚಾರ್ಟ್ ಗೊತ್ತಿಲ್ಲದವರಿಗೆ ಒಂದೇ ಮಾತು: ಎಡಕ್ಕೆ ಕೆಲಸಗಳ ಪಟ್ಟಿ, ಮೇಲೆ ತಾರೀಖು, ಪ್ರತಿ ಕೆಲಸಕ್ಕೂ ಒಂದು ಅಡ್ಡ ಪಟ್ಟಿ. ಹೆನ್ರಿ ಗ್ಯಾಂಟ್ ಎಂಬ ಅಮೆರಿಕದ ಇಂಜಿನಿಯರ್ 1910ರ ದಶಕದಲ್ಲಿ ಇದನ್ನು ಬಳಕೆಗೆ ತಂದ. ಆದರೆ ಪಟ್ಟಿ ನೋಡಲು ಚೆಂದ ಅಷ್ಟೇ. ಯಾವ ಕೆಲಸ ತಡವಾದರೆ ಇಡೀ ಪ್ರವಾಸ ತಡವಾಗುತ್ತದೆ, ಯಾವುದು ತಡವಾದರೆ ಏನೂ ಆಗುವುದಿಲ್ಲ ಅನ್ನುವುದೇ ಅಸಲು ಪ್ರಶ್ನೆ. ಅದಕ್ಕೆ ಉತ್ತರ ಕ್ರಿಟಿಕಲ್ ಪಾತ್. 1957ರ ಸುಮಾರಿಗೆ ಡ್ಯುಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ್‍ಯಾಂಡಿನ ಜೇಮ್ಸ್ ಕೆಲಿ ಸೇರಿ ಮಾಡಿದ ಲೆಕ್ಕ. ಒಂದರ ಹಿಂದೆ ಒಂದು ಕಾಯಲೇಬೇಕಾದ ಕೆಲಸಗಳ ಅತಿ ಉದ್ದದ ಸರಪಳಿ ಯಾವುದೋ ಅದೇ ನಿಮ್ಮ ತಾರೀಖು ತೀರ್ಮಾನಿಸುತ್ತದೆ. ಉಳಿದದ್ದಕ್ಕೆಲ್ಲ ಸ್ವಲ್ಪ ಸಡಿಲ ಇರುತ್ತದೆ.

ನಮ್ಮ ಮನೆಯಲ್ಲಿ ಆ ಸರಪಳಿ ಅಮ್ಮನ ಹೆಸರಿನಿಂದ ಶುರುವಾಯಿತು. ಆಧಾರ್‌ನಲ್ಲಿ ಒಂದು ಸ್ಪೆಲಿಂಗ್, ಶಾಲೆ ಬಿಟ್ಟ ದಾಖಲೆಯಲ್ಲಿ ಇನ್ನೊಂದು. ಅದು ಸರಿಯಾಗದೆ ಪಾಸ್‌ಪೋರ್ಟ್ ಇಲ್ಲ. ಪಾಸ್‌ಪೋರ್ಟ್ ನಂಬರ್ ಇಲ್ಲದೆ ವೀಸಾ ಇಲ್ಲ. ವೀಸಾ ಅರ್ಜಿಯನ್ನು ಬೇಗ ಹಾಕಿ ನಿಶ್ಚಿಂತೆಯಿಂದ ಇರೋಣ ಅಂದರೆ ಅದೂ ಇಲ್ಲ, ಸಿಂಗಾಪುರಕ್ಕೆ ಹೊರಡುವ 30 ದಿನದ ಒಳಗೇ ಹಾಕಬೇಕು. ಎಸ್‌ಜಿ ಅರೈವಲ್ ಕಾರ್ಡ್ ಎಂಬ ಆನ್‌ಲೈನ್ ಫಾರಂ ಅಂತೂ ತಲುಪುವ ಮೂರು ದಿನದ ಒಳಗೆ ಮಾತ್ರ. ಅಂದರೆ ಕೆಲವು ಕೆಲಸಗಳಿಗೆ ಇಷ್ಟರೊಳಗೆ ಮುಗಿಸು ಅನ್ನುವ ಗಡುವು, ಕೆಲವಕ್ಕೆ ಇದಕ್ಕಿಂತ ಮುಂಚೆ ಮುಟ್ಟಬೇಡ ಅನ್ನುವ ಗಡುವು. ಎರಡನೇ ಜಾತಿಯನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ.

ಅಪ್ಪನಿಗೆ ಇದನ್ನು ವಿವರಿಸಲು ಹೋದೆ. ಅವರು ಚಹಾ ಆರಿಸುತ್ತಾ ಹೇಳಿದರು: "ಇದರಾಗೇನೈತಿ ತಮ್ಮಾ. ಡ್ಯಾಮಿನ್ಯಾಗ ಒಂದು ಬ್ಲಾಕಿಗೆ ಕಾಂಕ್ರೀಟ್ ಹಾಕಿದ್ರ, ಅದು ಗಟ್ಟಿ ಆಗೂತನಕ ಅದರ ಮ್ಯಾಲಿಂದು ಹಾಕೂ ಹಂಗಿಲ್ಲ. ಚೀಫ್ ಇಂಜಿನಿಯರ್ ಬಂದು ನಿಂತರೂ ಅದು ಲಗೂ ಗಟ್ಟಿ ಆಗೂದಿಲ್ಲ. ಆವಾಗ ನಾವು ಬಾಜೂ ಬ್ಲಾಕಿಗೆ ಹೋಗ್ತಿದ್ವಿ."

ನಮ್ಮ ಟ್ರೈನಿಂಗಿನಲ್ಲಿ ಇದನ್ನು ಲ್ಯಾಗ್ ಅಂತ ಅರ್ಧ ದಿನ ಪಾಠ ಮಾಡಿದ್ದರು. ಪಾಸ್‌ಪೋರ್ಟ್ ಅರ್ಜಿ ಕಳಿಸಿ ಕಾಯುವ ಹೊತ್ತು ಅಂದರೆ ಗಟ್ಟಿಯಾಗುತ್ತಿರುವ ಕಾಂಕ್ರೀಟು. ದಿನಕ್ಕೆ ನಾಲ್ಕು ಸಲ ಸ್ಟೇಟಸ್ ನೋಡಿದರೂ ಅದು ಲಗೂ ಆಗುವುದಿಲ್ಲ. ಅಷ್ಟರಲ್ಲಿ ಬಾಜೂ ಬ್ಲಾಕಿನ ಕೆಲಸ, ಅಂದರೆ ಹೋಟೆಲು, ಇನ್ಶೂರೆನ್ಸು, ಅಪ್ಪನ ಮೊಣಕಾಲಿಗೆ ಒಳ್ಳೆ ಬೂಟು, ಮಾಡಿಕೊಳ್ಳಬೇಕು.

ಪಾಸ್‌ಪೋರ್ಟಿಗೆ ಎಷ್ಟು ದಿನ ಹಿಡಿಯಬೇಕು? ಇಲ್ಲಿ ಪರ್ಟ್ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ 1958ರಲ್ಲಿ ಬಳಸಿದ ವಿಧಾನ, ನಮಗೆ ಅಮ್ಮನ ಪಾಸ್‌ಪೋರ್ಟಿಗೆ. ಎಲ್ಲಾ ಸುಸೂತ್ರವಾದರೆ 10 ದಿನ, ಸಾಮಾನ್ಯವಾಗಿ 21, ಗ್ರಹಚಾರ ಕೆಟ್ಟರೆ 60 ಅಂತ ಅಂದಾಜು ಮಾಡಿದೆ. ಸಾಮಾನ್ಯದ್ದನ್ನು ನಾಲ್ಕರಿಂದ ಗುಣಿಸಿ, ಉಳಿದೆರಡು ಕೂಡಿಸಿ, ಆರರಿಂದ ಭಾಗಿಸಿದರೆ ಹತ್ತಿರ ಹತ್ತಿರ 26 ದಿನ. ಮನಸ್ಸಿಗೆ ಬಂದ ಒಂದು ನಂಬರ್ ಹಿಡಿದು ಕೂರುವುದಕ್ಕಿಂತ ಇದು ವಾಸಿ, ಯಾಕೆಂದರೆ ಕೆಟ್ಟ ದಿನಗಳ ಬಗ್ಗೆಯೂ ಬಾಯಿಬಿಟ್ಟು ಮಾತಾಡಬೇಕಾಗುತ್ತದೆ. ಗಣೇಶಗುಡಿಯಲ್ಲಿ ಇನ್ನೊಂದು ಲೆಕ್ಕವನ್ನೂ ಸೇರಿಸಬೇಕು: ನಮ್ಮ ಮನೆಯಲ್ಲಿ ಓಟಿಪಿ ಬರುವುದು ತುಳಸಿಕಟ್ಟೆಯ ಪೂರ್ವದ ಮೂಲೆಯಲ್ಲಿ ಮಾತ್ರ.

ಅರ್ಜಿ ತುಂಬುವಾಗ ಜನ್ಮಸ್ಥಳದ ಕಾಲಂ ಬಂತು. ಅಮ್ಮನನ್ನು ಕೇಳಿದೆ. "ಸೂಪಾ" ಅಂದಳು.

ಅಣೆಕಟ್ಟಿಗೆ ಮೊದಲು ಸೂಪಾ ಅನ್ನುವುದು ತಾಲ್ಲೂಕು ಕೇಂದ್ರ. ಕಾಳಿಗೆ ಪಾಂಡ್ರಿ ಹೊಳೆ ಬಂದು ಸೇರುವ ಜಾಗದಲ್ಲಿತ್ತು. 1980ರ ದಶಕದಲ್ಲಿ ನೀರು ತುಂಬಿದಾಗ ಊರು ಒಳಗೆ ಹೋಯಿತು, ಬಹಳಷ್ಟು ಜನ ರಾಮನಗರಕ್ಕೆ ಹೋದರು, ತಾಲ್ಲೂಕು ಕಚೇರಿ ಜೋಯಿಡಾಕ್ಕೆ ಬಂತು. ಅಮ್ಮನ ತವರು ಮನೆಯೂ ರಾಮನಗರಕ್ಕೆ ಹೋದದ್ದೇ. ಹೆಸರು ಮಾತ್ರ ಅಣೆಕಟ್ಟಿಗೆ ಉಳಿಯಿತು. ಅಪ್ಪ ಕಾಂಕ್ರೀಟು ಹಾಕಿದ ಗೋಡೆಯ ಹಿಂದೆ ಅಮ್ಮನ ಶಾಲೆ ಮುಳುಗಿತು ಅನ್ನುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ.

ಅಮ್ಮ ಟ್ರಂಕಿನ ತಳದಿಂದ ಶಾಲೆಯ ದಾಖಲೆ ತೆಗೆದುಕೊಟ್ಟಳು. ಮಡಿಕೆಯಲ್ಲಿ ಹರಿದಿತ್ತು, ಹಿಂದಿನಿಂದ ಅಂಟಿನ ಪಟ್ಟಿ ಹಚ್ಚಿದ್ದಳು. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಕೌಂಟರಿನವರು ಸೂಪಾ ಎಲ್ಲಿ ಬರುತ್ತದೆ ಅಂತ ಕೇಳಿದರು. ಅಮ್ಮ ಸಹಜವಾಗಿ, "ನೀರಾಗ ಐತ್ರಿ" ಅಂದಳು. ಅವರು ಒಂದು ಗಳಿಗೆ ಅವಳ ಮುಖ ನೋಡಿದರು, ಆಮೇಲೆ ಟೈಪ್ ಮಾಡಿದರು.

ಇನ್ನು ಯಾವ ವಾರ ಹೋಗುವುದು ಅನ್ನುವ ಪ್ರಶ್ನೆ. ತಾರೀಖಿಗಿಂತ ಮೊದಲು ಯಾರು ಯಾವಾಗ ಬಿಡುವು ಅನ್ನುವುದನ್ನು ಬರೆಯಬೇಕು. ಅಕ್ಕ ಹುಬ್ಬಳ್ಳಿಯಲ್ಲಿ ಟೀಚರ್. ಅವಳಿಗೂ ಅವಳ ಮಗನಿಗೂ ದಸರೆ ಇಲ್ಲವೇ ಬೇಸಿಗೆ ರಜೆ. ನಾನೂ ಹೆಂಡತಿಯೂ ರಿಲೀಸ್ ತಪ್ಪಿಸಿ ಯಾವಾಗ ಬೇಕಾದರೂ. ಅಜ್ಜಿಯನ್ನೂ ಎರಡು ಎಮ್ಮೆಗಳನ್ನೂ ನೋಡಿಕೊಳ್ಳಲು ಮಾವನ ಮಗ ಮತ್ತು ಅವನ ಹೆಂಡತಿ ಒಪ್ಪಿದರು. ಆದರೆ ಅವನು ರಾಫ್ಟಿಂಗ್ ಗೈಡ್. ಮಳೆಗಾಲದಲ್ಲಿ ಕಾಳಿಯಲ್ಲಿ ರಾಫ್ಟ್ ಇಳಿಸುವುದಿಲ್ಲ, ಆಗ ಅವನಿಗೆ ಬಿಡುವು. ಉಳಿದ ತಿಂಗಳೂ ಅವನ ಕ್ಯಾಲೆಂಡರ್ ಅವನ ಕೈಯಲ್ಲಿಲ್ಲ. ಅವನೇ ಹೇಳುವಂತೆ, "ಟರ್ಬೈನ್ ಬಿಟ್ರ ಹೊಳಿ ಭಾವಾ, ಬಿಡದಿದ್ರ ಬರೇ ಕಲ್ಲು." ಸೂಪಾ ಪವರ್‌ಹೌಸಿನಿಂದ ನೀರು ಬಂದರಷ್ಟೇ ಗಣೇಶಗುಡಿಯ ಕೆಳಗೆ ಅಲೆ ಏಳುವುದು.

ಈ ಮೂರು ಕ್ಯಾಲೆಂಡರ್ ಒಂದರ ಮೇಲೊಂದು ಇಟ್ಟು ನೋಡಿದಾಗ ಸಿಕ್ಕಿದ್ದು ಒಂದೇ ಕಿಂಡಿ: ದಸರಾ ರಜೆಯ ಮೊದಲ ವಾರ, ಹೊಳೆ ಇನ್ನೂ ಕೆಂಪಾಗಿ, ರಾಫ್ಟಿಂಗ್ ಶುರುವಾಗುವ ಮುಂಚೆ. ಟಿಕೆಟ್ ಯಾವಾಗ ಅಗ್ಗ ಅಂತ ಹುಡುಕುವುದು ಆಮೇಲಿನ ಮಾತು.

ನನಗೆ ಹೆಚ್ಚು ಹಿಡಿಸಿದ್ದು ಬಫರ್ ವಿಚಾರ. ಪ್ರತಿಯೊಬ್ಬರೂ ತಮ್ಮ ಕೆಲಸದೊಳಗೆ ನಾಲ್ಕು ದಿನ ಬಚ್ಚಿಟ್ಟುಕೊಳ್ಳುತ್ತಾರೆ, ಪರೀಕ್ಷೆಯ ಹಿಂದಿನ ರಾತ್ರಿ ಓದುವವರ ಹಾಗೆ ಕೊನೆಗೆ ಶುರುಮಾಡುತ್ತಾರೆ, ಬಚ್ಚಿಟ್ಟ ದಿನ ಯಾರಿಗೂ ಸಿಗದೆ ಕರಗುತ್ತದೆ. ಎಲಿಯಾಹು ಗೋಲ್ಡ್‌ರಾಟ್ 1997ರಲ್ಲಿ ಬರೆದ 'ಕ್ರಿಟಿಕಲ್ ಚೈನ್' ಪುಸ್ತಕದ ತಿರುಳು ಇದೇ. ಹಂಚಿಹೋದ ದಿನಗಳನ್ನು ಬಿಡಿಸಿ ತಂದು ಒಂದೇ ಕಡೆ, ಕೊನೆಯಲ್ಲಿ ಕೂಡಿಡಿ ಅನ್ನುತ್ತಾನೆ.

ಇದನ್ನು ನಮ್ಮೂರಿನವರಿಗೆ ಪುಸ್ತಕ ಓದಿ ಹೇಳಬೇಕಿಲ್ಲ. ಸೂಪಾ ಅಣೆಕಟ್ಟಿನ ಎತ್ತರ 101 ಮೀಟರ್, ಹಿಡಿಯುವ ನೀರು ಸುಮಾರು 145 ಟಿಎಂಸಿ. ಇಷ್ಟಾಗಿ ಅದರ ಬುಡದ ಪವರ್‌ಹೌಸಿನಲ್ಲಿರುವುದು 50 ಮೆಗಾವಾಟಿನ ಎರಡೇ ಯಂತ್ರ. ಕೆಳಗೆ ಅಂಬಿಕಾನಗರದ ನಾಗಝರಿಯದು ಇದರ ಸುಮಾರು ಒಂಬತ್ತು ಪಟ್ಟು. ಹಾಗಾದರೆ ಇಷ್ಟು ದೊಡ್ಡ ಗೋಡೆ ಯಾಕೆ? ಹಿಡಿದಿಡುವುದಕ್ಕೆ. ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ, ಕೆಳಗಿನ ಎಲ್ಲ ಜಲಾಶಯಗಳೂ ಸೂಪಾದ ಮುಂದೆ ಸಣ್ಣವು. ನಾಲ್ಕು ತಿಂಗಳ ಮಳೆಯನ್ನು ಮೇಲೆ ಒಂದೇ ಕಡೆ ಕೂಡಿಟ್ಟು, ವರ್ಷವಿಡೀ ಬೇಕಾದವರಿಗೆ ಬೇಕಾದಾಗ ಬಿಡುತ್ತಾರೆ.

ನಾನೂ ಎಲ್ಲರ ಹತ್ತಿರ ಕುಳಿತು ಬಚ್ಚಿಟ್ಟ ದಿನಗಳನ್ನು ಹೊರಗೆ ತೆಗೆಸಿದೆ. ಅಕ್ಕ ರಜೆ ಮಂಜೂರಾಗಲು ಒಂದು ತಿಂಗಳು ಬೇಕು ಅಂದಿದ್ದಳು, ನಿಜವಾಗಿ ಒಂದು ವಾರದ್ದು. ಒಟ್ಟು 34 ದಿನ ಹೊರಬಿತ್ತು. ಅದರ ಅರ್ಧ, 17 ದಿನ, ಕೊನೆಯಲ್ಲಿ ಒಂದೇ ಪಟ್ಟಿಯಾಗಿ ಇಟ್ಟೆ. ಯಾರೇ ಕೇಳಿದರೂ ಅಲ್ಲಿಂದಲೇ ಕೊಡುವುದು, ಎಲ್ಲರಿಗೂ ಕಾಣುವಂತೆ. ಅಮ್ಮನ ಹೆಸರಿನ ತಿದ್ದುಪಡಿ ಸ್ಕ್ಯಾನ್ ಮಸುಕಾಗಿದೆ ಅಂತ ಒಮ್ಮೆ ವಾಪಸ್ ಬಂತು, 9 ದಿನ ಹೋಯಿತು. ಪೊಲೀಸ್ ವೆರಿಫಿಕೇಶನ್ನಿಗೆ ಫೋನ್ ಬಂದಾಗ ಇಬ್ಬರೂ ರಾಮನಗರದ ಮದುವೆಯಲ್ಲಿದ್ದರು, ಇನ್ನು 4. ಉಳಿದದ್ದು ನಾಲ್ಕೇ ದಿನ, ಆದರೂ ಮನೆಯಲ್ಲಿ ಯಾರೂ ಯಾರ ಮೇಲೂ ಸಿಡುಕಲಿಲ್ಲ. ಇದು ನಮ್ಮ ಮನೆಯ ಮಟ್ಟಿಗೆ ಸಣ್ಣ ಮಾತಲ್ಲ.

ಚಾರ್ಟ್ ಬಹುತೇಕ ಮುಗಿದ ಒಂದು ಸಂಜೆ ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ಸ್ಕ್ರೀನ್ ನೋಡಿದಳು. ಒಬ್ಬೊಬ್ಬರ ಕೆಲಸಕ್ಕೆ ಒಂದೊಂದು ಬಣ್ಣ ಕೊಟ್ಟಿದ್ದೆ.

"ನನ್ನ ಹೆಸರಿನ ಮುಂದ ಇಷ್ಟು ಬಣ್ಣ ಯಾಕೋ?"

ಎಣಿಸಿದೆ. 58 ಕೆಲಸಗಳಲ್ಲಿ 31 ಅವಳದು. ಚಟ್ನಿಪುಡಿ, ಶೇಂಗಾ ಹೋಳಿಗೆ, ಖಡಕ್ ರೊಟ್ಟಿ, ಅಜ್ಜಿಯ ಬಿಪಿ ಗುಳಿಗೆ ಡಬ್ಬಿಗೆ ತುಂಬುವುದು, ಹಾಲಿನ ವರ್ತನೆಯವರಿಗೆ ಹೇಳುವುದು, ಅಪ್ಪನ ಸ್ವೆಟರ್ ಹುಡುಕುವುದು, ವಾಪಸ್ ಬಂದ ದಿನ ರಾತ್ರಿ ಊಟಕ್ಕೇನು ಅನ್ನುವುದೂ ಸೇರಿ. ಯಾವ ಮನೆಯಲ್ಲಾದರೂ ಪ್ರವಾಸದ ಲೆಕ್ಕ ಬರೆಯುವಾಗ ಟಿಕೆಟು, ಹೋಟೆಲು, ವೀಸಾ ಮಾತ್ರ ಬರುತ್ತದೆ. ಈ 31 ಬರುವುದೇ ಇಲ್ಲ, ಅವು ತಾವಾಗಿಯೇ ಆಗುತ್ತವೆ ಅನ್ನುವ ನಂಬಿಕೆ. ಆಫೀಸಿನಲ್ಲಿ ಒಬ್ಬನ ಮೇಲೆ ಇಷ್ಟು ಭಾರ ಬಿದ್ದರೆ ಮ್ಯಾನೇಜರು ಮೀಟಿಂಗ್ ಕರೆಯುತ್ತಾನೆ. ನಾವೂ ಕರೆದೆವು, ಅಡುಗೆಮನೆಯಲ್ಲೇ. ರೊಟ್ಟಿ ಹುಬ್ಬಳ್ಳಿಯಲ್ಲಿ ಕೊಳ್ಳುವುದು ಅಕ್ಕನ ಪಾಲಿಗೆ. ಸ್ವೆಟರ್ ಅಪ್ಪನೇ ಹುಡುಕಿಕೊಳ್ಳುವುದು, ಇದಕ್ಕೆ ಸ್ವಲ್ಪ ಚರ್ಚೆ ಆಯಿತು. ಮಾವನ ಮಗನ ಹೆಂಡತಿ ಎರಡು ದಿನ ಮೊದಲೇ ಬಂದು ಅಜ್ಜಿಯ ಔಷಧಿ, ಎಮ್ಮೆಗಳ ಸ್ವಭಾವ ಎಲ್ಲಾ ತಿಳಿದುಕೊಳ್ಳುವುದು. ನಮ್ಮ ಕಂಪನಿ ಭಾಷೆಯಲ್ಲಿ ಕೆಟಿ. ಅಮ್ಮನ ಹೆಸರಿಗೆ ಕೊನೆಗೆ ಉಳಿದದ್ದು 12. ಚಟ್ನಿಪುಡಿಯನ್ನು ಅವಳು ಯಾರಿಗೂ ಬಿಟ್ಟುಕೊಡಲಿಲ್ಲ.

ಪಾಸ್‌ಪೋರ್ಟ್ ಸ್ಪೀಡ್ ಪೋಸ್ಟಿನಲ್ಲಿ ಬಂದ ದಿನ ಅಮ್ಮ ಕನ್ನಡಕ ಹಾಕಿಕೊಂಡು ತನ್ನ ಫೋಟೋ ಬಿಟ್ಟು ಅದರ ಪಕ್ಕದ ಸಾಲು ಓದಿದಳು. ಸೂಪಾ, ಕರ್ನಾಟಕ. ಒಳಗೆ ಹೋಗಿ ಅಜ್ಜಿಗೂ ತೋರಿಸಿದಳು.

ಸಿಂಗಾಪುರದ ಮೂರನೇ ದಿನವನ್ನು ಪ್ಲಾನಿನಲ್ಲಿ ಬೇಕೆಂದೇ ಖಾಲಿ ಬಿಟ್ಟಿದ್ದೆ. ಬೆಳಿಗ್ಗೆ ಅಮ್ಮ ಒಂಬತ್ತರವರೆಗೆ ಮಲಗಿದಳು. ನನಗೆ ನೆನಪಿದ್ದಂತೆ ಅದು ಮೊದಲ ಸಲ. ಯಾರೂ ಎಬ್ಬಿಸಲಿಲ್ಲ. ಮಧ್ಯಾಹ್ನದ ಮೇಲೆ ಅಪ್ಪ ಎಲ್ಲಿಗೆ ಹೋಗಬೇಕು ಅಂತ ತಾವೇ ಹೇಳಿದರು: ಮರೀನಾ ಬ್ಯಾರೇಜ್. ಸಮುದ್ರದ ಬಾಯಿಗೆ ಅಡ್ಡವಾಗಿ 350 ಮೀಟರ್ ಅಗಲಕ್ಕೆ ಕಟ್ಟಿ, ಒಳಗೆ ಸಿಹಿನೀರು ಕೂಡಿಡುವ ಅಣೆ. 2008ರಲ್ಲಿ ಶುರುವಾದದ್ದು. ಅಪ್ಪ ಒಂಬತ್ತು ಗೇಟುಗಳನ್ನೂ ಎಣಿಸುತ್ತಾ ಈ ತುದಿಯಿಂದ ಆ ತುದಿಗೆ ನಡೆದರು. ಎತ್ತರ ಏನೂ ಇಲ್ಲ ಅಂತ ಸ್ವಲ್ಪ ನಿರಾಸೆಯೂ ಆಯಿತು ಅವರಿಗೆ.

ಅಮ್ಮ ಕಟಕಟೆ ಹಿಡಿದು ನೀರನ್ನೇ ನೋಡುತ್ತಿದ್ದಳು. "ಇದರ ಒಳಗ ಯಾವ ಊರು ಐತಿ?" ಅಂತ ಕೇಳಿದಳು.

"ಊರು ಇಲ್ಲ," ಅಪ್ಪ ಅಂದರು. "ಇಲ್ಲಿ ಮೊದಲೂ ನೀರೇ ಇತ್ತು."

ಅಮ್ಮ ತಲೆಯಾಡಿಸಿದಳು. ಮೇಲೆ ಹುಲ್ಲು ಬೆಳೆಸಿದ ಚಾವಣಿಯಲ್ಲಿ ಜನ ಗಾಳಿಪಟ ಹಾರಿಸುತ್ತಿದ್ದರು. ಅಕ್ಕನ ಮಗನಿಗೂ ಒಂದು ಕೊಡಿಸಿದ್ದೆವು, ಸೂತ್ರ ಕಟ್ಟಲು ಬರದೆ ಒದ್ದಾಡುತ್ತಿದ್ದ. ಅಮ್ಮ ಹೋಗಿ ಅವನ ಕೈಯಿಂದ ಅದನ್ನು ಇಸಿದುಕೊಂಡಳು.